ಮನೆಮಾತು ಬಿಡಿಸುವ ಮೊದಲು ಕಿವಿ ನೋಡಿ

ಡೊಂಬಿವಲಿಯಿಂದ ಬಂದಿದ್ದ ಆ ಕುಟುಂಬದಲ್ಲಿ ನಾನು ಮೊದಲು ಗಮನಿಸಿದ್ದು ಅಜ್ಜಿಯ ಮೌನ. ನಾಲ್ಕು ವರ್ಷದ ಮೊಮ್ಮಗ ಸೆರಗು ಹಿಡಿದು ಎಳೆಯುತ್ತಿದ್ದರೂ ಅವರು ತುಟಿ ಬಿಚ್ಚಲಿಲ್ಲ. ಹುಡುಗನಿಗೆ ಡೌನ್ ಸಿಂಡ್ರೋಮ್ ಇದೆ, ಮಾತು ತಡವಾಗಿದೆ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ ಎಂದು ಶಿಶುವಿಹಾರದಲ್ಲಿ ಹೇಳಿದ್ದರಂತೆ. ಧಾರವಾಡದ ಕಡೆಯ ಅಜ್ಜಿಗೆ ಇಂಗ್ಲಿಷ್ ಬಾರದು. ಎರಡು ತಿಂಗಳಿಂದ ಅವರು ಮೊಮ್ಮಗನ ಎದುರು ಬಾಯಿ ಕಟ್ಟಿಕೊಂಡು ಕೂತಿದ್ದರು.

“ನಮ್ಮ ಮಾತಿನಿಂದನ ಹುಡುಗ ಹಿಂದ ಬಿದ್ದಾನೇನ್ರಿ, ಬಾಯಾರ?” ಎಂದು ಕೊನೆಗೆ ಕೇಳಿದರು.

ಖಂಡಿತ ಇಲ್ಲ. ಮುಂಬೈಯ ಕನ್ನಡ, ತುಳು, ಕೊಂಕಣಿ ಮನೆಗಳವರಿಗೆ ವಾಕ್ ಚಿಕಿತ್ಸಕಿಯಾಗಿ ನಾನು ಇಷ್ಟು ಸಲ ಹೇಳಿದ ಉತ್ತರ ಬೇರೊಂದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು. ಎರಡನೆಯ ಭಾಷೆ ಮೊದಲನೆಯದಕ್ಕೆ ಅಡ್ಡ ಬಂದ ಲಕ್ಷಣ ಕೆನಡಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಣಲಿಲ್ಲ.

ಮಾತು ತಡವಾಗಲು ಬೇರೆ ಕಾರಣಗಳಿವೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುವುದರಿಂದ ನಾಲಿಗೆ, ತುಟಿಗಳ ಸ್ನಾಯು ಸಡಿಲವಾಗಿರುತ್ತವೆ, ಬಾಯಿಯ ಒಳಜಾಗ ಕಿರಿದಾಗಿರುತ್ತದೆ. ಕೇಳಿದ್ದನ್ನು ಕ್ಷಣಕಾಲ ನೆನಪಿನಲ್ಲಿ ಹಿಡಿದಿಡುವುದು ಕಷ್ಟ, ಕಂಡದ್ದನ್ನು ಹಿಡಿದಿಡುವುದು ಅಷ್ಟು ಕಷ್ಟವಲ್ಲ. ಅರ್ಥವಾಗುವುದು ಹೆಚ್ಚು, ಆಡಲು ಬರುವುದು ಕಡಿಮೆ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಕಿವಿ. ಈ ಮಕ್ಕಳ ಕಿವಿಯ ನಾಳ ಸಣ್ಣದು, ಮಧ್ಯಕಿವಿಯಿಂದ ಗಂಟಲಿಗೆ ಹೋಗುವ ಕೊಳವೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಕಿವಿತಮಟೆಯ ಹಿಂದೆ ಅಂಟಾದ ದ್ರವ ನಿಂತುಬಿಡುತ್ತದೆ. ನೋವಿಲ್ಲ, ಜ್ವರವಿಲ್ಲ, ಸೋರುವುದೂ ಇಲ್ಲ. ಮಗುವಿಗೆ ಮಾತ್ರ ನೀರಿನೊಳಗೆ ಕೂತು ಕೇಳಿದಂತೆ ಎಲ್ಲ ಮಸುಕು.

ಈ ಹುಡುಗನ ಎರಡೂ ಕಿವಿಯಲ್ಲಿ ಅದೇ ಇತ್ತು. ಹುಟ್ಟಿದಾಗ ಮಾಡಿದ ಶ್ರವಣ ಪರೀಕ್ಷೆ ಸರಿಯಿತ್ತೆಂದು ಮತ್ತೆ ಯಾರೂ ನೋಡಿರಲಿಲ್ಲ. ‘ಇಂಥ ಮಕ್ಕಳು ಹಾಗೇ’ ಎಂಬ ಒಂದು ಮಾತು ಎಷ್ಟು ಕಾಯಿಲೆಗಳನ್ನು ಮುಚ್ಚಿಡುತ್ತದೆ! ಮಂಕಾಗಿದ್ದಾನೆ ಎಂದರೆ ಥೈರಾಯ್ಡ್ ಕಡಿಮೆಯಾಗಿರಬಹುದು. ಅದಕ್ಕೆ ವರ್ಷಕ್ಕೊಮ್ಮೆ ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಹಗಲಲ್ಲಿ ಹಟ ಮಾಡುವವನು ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ಎದ್ದಿರಬಹುದು. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷವಿರುವುದರಿಂದ ಎಕೋ, ಅಂದರೆ ಹೃದಯದ ಸ್ಕ್ಯಾನ್, ಹುಟ್ಟಿದ ಕೂಡಲೇ ಆಗಬೇಕು.

ಇನ್ನೊಂದು ವಿಷಯ ತಾಯಿ ಮಾತಿನ ಮಧ್ಯೆ ಹೇಳಿದ್ದು. ಹುಡುಗ ಅಜ್ಜಿಯನ್ನು ‘ಆಯಿ’ ಎನ್ನುತ್ತಿದ್ದ. ಶಿಶುವಿಹಾರದವರು ಅದನ್ನು ಮರಾಠಿಯ ‘ಆಯಿ’ ಎಂದುಕೊಂಡು, ಅಮ್ಮ ಸಂಜೆ ಬರುತ್ತಾಳೆಂದು ಸಮಾಧಾನ ಮಾಡುತ್ತಿದ್ದರು. ಅವನಿಗಿದ್ದ ಕೆಲವೇ ಮಾತುಗಳಲ್ಲಿ ಒಂದು ಹೀಗೆ ವಿಳಾಸ ತಪ್ಪಿತ್ತು.

ಇ.ಎನ್.ಟಿ. ವೈದ್ಯರು ದ್ರವ ನಿಲ್ಲದಂತೆ ಕಿವಿತಮಟೆಯಲ್ಲಿ ಗ್ರೋಮೆಟ್ ಎಂಬ ಪುಟ್ಟ ಕೊಳವೆ ಹಾಕಿದರು. ನಾನು ಅಜ್ಜಿಗೆ ಕೆಲಸ ಕೊಟ್ಟೆ. ರೊಟ್ಟಿ ಕೊಡುವಾಗ ‘ರೊಟ್ಟಿ’ ಎನ್ನಬೇಕು, ಕೈಸನ್ನೆ ಮಾಡಬೇಕು, ದೊಡ್ಡ ಅಕ್ಷರದಲ್ಲಿ ಪದ ಬರೆದ ಚೀಟಿ ತೋರಿಸಬೇಕು. ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಅವನ ಉತ್ತರಕ್ಕೆ ಕಾಯಬೇಕು. ಸನ್ನೆ ಕಲಿಸಿದರೆ ಮಗು ಮಾತಾಡುವುದಿಲ್ಲವೆಂಬ ಭಯ ಬೇಡ. ಸನ್ನೆ ಮಾತಿಗೆ ಮೆಟ್ಟಿಲು. ಕಾಯುವುದೇ ದೊಡ್ಡವರಿಗೆ ಕಷ್ಟ. ಅವನು ಬಾಯಿ ತೆರೆಯುವಷ್ಟರಲ್ಲಿ ನಾವೇ ಉತ್ತರ ಹೇಳಿ ಮುಗಿಸಿರುತ್ತೇವೆ.

ಶಾಲೆಯ ಇಂಗ್ಲಿಷ್, ಕೆಳಗಿನ ಅಂಗಳದ ಮರಾಠಿ ಹಿಂದಿ ತಮ್ಮ ಪಾಡಿಗೆ ಬರಲಿ. ಇಂದು ಒಳ್ಳೆಯ ಚಿಕಿತ್ಸೆ ಸಿಕ್ಕ ಡೌನ್ ಸಿಂಡ್ರೋಮ್ ವ್ಯಕ್ತಿಗಳಲ್ಲಿ ಅನೇಕರು ಅರವತ್ತರವರೆಗೆ ಬಾಳುತ್ತಾರೆ. ಹುಬ್ಬಳ್ಳಿಯ ಮದುವೆಯಲ್ಲಿ, ಮಾಟುಂಗಾದ ಸಂಘದ ಕಾರ್ಯಕ್ರಮದಲ್ಲಿ ಸೋದರಮಾವ, ದೊಡ್ಡಮ್ಮಂದಿರು ಇವನನ್ನು ಮಾತಾಡಿಸುವುದು ಕನ್ನಡದಲ್ಲೇ. ಆ ಮಾತು ಅವನಿಗಿಲ್ಲದಿದ್ದರೆ ಎಲ್ಲರ ನಡುವೆ ಕೂತೂ ಒಂಟಿಯಾಗುತ್ತಾನೆ, ‘ಪಾಪ’ ಎಂದು ತಲೆ ಸವರಿ ಮುಂದೆ ಹೋಗುತ್ತಾರೆ.

ಗ್ರೋಮೆಟ್ ಕೆಲವು ತಿಂಗಳಲ್ಲಿ ತಾನಾಗಿ ಉದುರಿ ಮತ್ತೆ ದ್ರವ ತುಂಬಬಹುದು. ಅದಕ್ಕೇ ಆರು ತಿಂಗಳಿಗೊಮ್ಮೆ ಕಿವಿ ತೋರಿಸಲು ಹೇಳಿದ್ದೇನೆ. ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲೂ ಶ್ರವಣ ಪರೀಕ್ಷೆ ನಡೆಯುತ್ತದೆ. ಕಳೆದ ಸಲ ಅಜ್ಜಿ ಹೊಸ ಚೀಟಿಗಳ ಕಟ್ಟು ತಂದಿದ್ದರು. ಮೇಲಿನದರಲ್ಲಿ ‘ಇನ್ನೊಂದು’ ಎಂದು ಬರೆದಿತ್ತು. ರೊಟ್ಟಿಯ ನಂತರ ಅವನಿಗೆ ಬೇಕಾಗುವ ಮಾತು ಅದೇ ಅಂತೆ.