ಹೊಟ್ಟೆನೋವು ಎಂದರೆ ಕಣ್ಣು ನೋಡಿ

ನೆಲದ ಮೇಲೆ ಮಲಗಿದ್ದ ಮಗು ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದು ಕೂರುತ್ತದೆ ಅಂದುಕೊಳ್ಳಿ. ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಓಂಕಾಳು. ಆಮೇಲೆ ರಾತ್ರಿ ಏನು ತಿಂದೆ ಎಂಬ ವಿಚಾರಣೆ. ಬೆಳಕು ಹರಿಯಲಿ, ಡಾಕ್ಟರ ಹತ್ತಿರ ಹೋದರಾಯಿತು ಎಂಬ ಸಮಾಧಾನ.

ಅದಕ್ಕೂ ಮೊದಲು ದೀಪ ಹಾಕಿ ಮಗುವಿನ ಕಣ್ಣು ನೋಡಿ. ರೆಪ್ಪೆ ಜೋತು ಬಿದ್ದಿದ್ದರೆ ನಿದ್ದೆಗಣ್ಣು ಎಂದು ಬಿಡಬೇಡಿ. ತಲೆ ಅಲುಗಿಸದೆ ಸೂರಿನ ಕಡೆ ನೋಡು ಎನ್ನಿ. ರೆಪ್ಪೆ ಮೇಲೇಳದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ದಿಂಬಿನಿಂದ ಕತ್ತು ಎತ್ತಲು ಆಗದಿದ್ದರೆ ಅದು ಕಟ್ಟುಹಾವಿನ ಕೆಲಸ ಇರಬಹುದು. ಮೈಮೇಲೆ ಗಾಯ ಕಾಣದಿದ್ದರೂ ಸರಿ, ಹಾವನ್ನು ಯಾರೂ ನೋಡದಿದ್ದರೂ ಸರಿ, ತಕ್ಷಣ ಹೊರಡಬೇಕು.

ಕಟ್ಟುಹಾವಿನ ಬಗ್ಗೆ ನನಗೆ ಇಷ್ಟು ಆತಂಕ ಇರುವುದು ಅದು ಕಚ್ಚುವ ರೀತಿಯಿಂದ. ಕಪ್ಪು ಮೈ, ಅಡ್ಡಡ್ಡ ತೆಳ್ಳನೆಯ ಬಿಳಿ ಪಟ್ಟಿಗಳು. ಹಗಲೆಲ್ಲ ಇಟ್ಟಿಗೆ ರಾಶಿಯಲ್ಲೋ ಇಲಿ ಬಿಲದಲ್ಲೋ ಸುಮ್ಮನೆ ಬಿದ್ದಿರುತ್ತದೆ. ರಾತ್ರಿ ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕುತ್ತಾ ಮನೆಯೊಳಗೂ ಬರುತ್ತದೆ. ಚಾಪೆಯ ಮೇಲೆ ಮಲಗಿದ್ದವರು ನಿದ್ದೆಯಲ್ಲಿ ಹೊರಳಿ ಕೈಯೋ ಕಾಲೋ ತಾಗಿಸಿದರೆ ಕಚ್ಚಿಬಿಡುತ್ತದೆ. ಅದರ ಹಲ್ಲು ತೀರಾ ಚಿಕ್ಕದು. ನೋವಿಲ್ಲ, ಬಾವಿಲ್ಲ. ಸೊಳ್ಳೆ ಕಚ್ಚಿತೆಂದು ಕೆರೆದುಕೊಂಡು ಮತ್ತೆ ಮಲಗುವವರಿದ್ದಾರೆ. ಕೆಲವರಿಗೆ ಎಚ್ಚರವೇ ಆಗುವುದಿಲ್ಲ.

ಮೈಯೊಳಗೆ ಆಗುವುದು ಹೀಗೆ. ನಾವು ಕೈ ಎತ್ತಬೇಕಾದರೆ ನರದ ತುದಿಯಿಂದ ಒಂದು ರಾಸಾಯನಿಕ ಹೊರಟು ಸ್ನಾಯುವನ್ನು ತಲುಪಬೇಕು. ಕಾಗದ ಕಳಿಸುವವರು ಒಂದು ಕಡೆ, ತೆಗೆದುಕೊಳ್ಳುವವರು ಇನ್ನೊಂದು ಕಡೆ ಇದ್ದ ಹಾಗೆ. ನಾಗರಹಾವಿನ ವಿಷ ತೆಗೆದುಕೊಳ್ಳುವವರ ಬಾಗಿಲಿಗೆ ಅಡ್ಡ ಕೂರುತ್ತದೆ. ಕಟ್ಟುಹಾವಿನ ವಿಷದ ಮುಖ್ಯ ಅಂಶ ಕಳಿಸುವವರ ಮನೆಯನ್ನೇ ಕೆಡವುತ್ತದೆ. ಬಾಗಿಲಿಗೆ ಅಡ್ಡ ಕೂತದ್ದನ್ನು ಔಷಧಿಯಿಂದ ಬದಿಗೆ ಸರಿಸಬಹುದು. ಕೆಡವಿದ ಮನೆಯನ್ನು ಮತ್ತೆ ಕಟ್ಟಲು ದಿನಗಳೇ ಬೇಕು. ಅಲ್ಲಿಯವರೆಗೆ ಉಸಿರಾಟದ ಸ್ನಾಯುಗಳೂ ಕೆಲಸ ಮಾಡುವುದಿಲ್ಲ. ವೆಂಟಿಲೇಟರ್ ಬೇಕೇ ಬೇಕು. ಅದು ಸಿಗುವ ತನಕ ಬಲೂನಿನಂಥ ಅಂಬು ಬ್ಯಾಗ್ ಒತ್ತುತ್ತಾ ಉಸಿರು ಕೊಡುತ್ತಲೇ ಇರಬೇಕು.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಈ ಸ್ಥಿತಿಯಲ್ಲಿರುವವರು ಬದುಕಿಲ್ಲವೇನೋ ಎಂಬಂತೆ ಕಾಣುತ್ತಾರೆ. ಬೆಳಕು ಬಿಟ್ಟರೂ ಕಣ್ಣಿನ ಪಾಪೆ ಕಿರಿದಾಗದೆ ಇರಬಹುದು. ಆದರೆ ಮಿದುಳು ಎಚ್ಚರವಾಗಿಯೇ ಇರಬಹುದು, ನೀವು ಆಡುವ ಮಾತೆಲ್ಲ ಅವರಿಗೆ ಕೇಳಿಸುತ್ತಿರಬಹುದು. ಅವರ ಹಾಸಿಗೆ ಪಕ್ಕ ನಿಂತು 'ಇನ್ನಿಲ್ಲ ಬಿಡಿ' ಎನ್ನಬೇಡಿ. ಕೈ ಹಿಡಿದು ಮಾತಾಡಿಸಿ. ಹೀಗೆ ಮಲಗಿದ್ದವರು ಕೆಲವು ದಿನಗಳಾದ ಮೇಲೆ ಎದ್ದು ನಡೆದು ಮನೆಗೆ ಹೋಗಿದ್ದಾರೆ.

ಇದನ್ನು ತಪ್ಪಿಸುವ ದಾರಿ ಮಾತ್ರ ಬಹಳ ಸುಲಭದ್ದು. ಮಂಚದ ಮೇಲೆ ಮಲಗುವುದು. ಮಂಚ ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸುವುದು. ಸುಮ್ನೆ ಇಳಿಬಿಟ್ಟರೆ ಸಾಲದು.

ಹೊಲದ ಕಥೆ ಬೇರೆ. ಅಲ್ಲಿ ಹೆದರಬೇಕಾದ್ದು ಕೊಳಕುಮಂಡಲಕ್ಕೆ. ದಪ್ಪ ಮೈ, ಬೆನ್ನ ಮೇಲೆ ಸರಪಳಿಯಂತೆ ಸಾಲಾಗಿ ಕಂದು ಬಣ್ಣದ ಗುಂಡು ಮಚ್ಚೆಗಳು. ಕೆರಳಿದರೆ ಕುಕ್ಕರಿನ ಹಾಗೆ ಬುಸುಗುಡುತ್ತದೆ. ಭತ್ತ, ರಾಗಿ, ಕಬ್ಬು ಇರುವಲ್ಲಿ ಇಲಿ ಇರುತ್ತದೆ, ಇಲಿ ಇರುವಲ್ಲಿ ಇದು ಇರುತ್ತದೆ. ತರಗೆಲೆಯ ನಡುವೆ ಅಲುಗದೆ ಬಿದ್ದಿರುವುದರಿಂದ ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಒಣ ಸೀಮೆಯ ಕಲ್ಲುಭೂಮಿಯಲ್ಲಿ ಇದರ ಪುಟ್ಟ ನೆಂಟ ಗರಗಸ ಮಂಡಲ ಇದೆ. ಅದು ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಎಳೆದಂಥ ಸದ್ದು ಮಾಡುತ್ತದೆ.

ಮಂಡಲದ ಹಾವುಗಳ ವಿಷ ರಕ್ತದ ಮೇಲೆ ಬೀಳುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸಲು ನಮ್ಮ ಮೈಯಲ್ಲಿ ಒಂದಷ್ಟು ಸಾಮಗ್ರಿ ಸದಾ ಸಿದ್ಧವಾಗಿರುತ್ತದೆ. ಕೊಳಕುಮಂಡಲದ ವಿಷ ಅದನ್ನು ಸುಳ್ಳು ಸುಳ್ಳೇ ಎಬ್ಬಿಸಿ, ರಕ್ತನಾಳಗಳ ಒಳಗೇ ಖರ್ಚು ಮಾಡಿಸಿಬಿಡುತ್ತದೆ. ನಿಜವಾಗಿ ಬೇಕಾದಾಗ ಖಜಾನೆ ಖಾಲಿ. ಒಸಡಿನಿಂದ ರಕ್ತ, ಹಳೆಯ ಗಾಯದಿಂದ ರಕ್ತ, ಮೂತ್ರದಲ್ಲಿ ರಕ್ತ. ಕಚ್ಚಿದ ಜಾಗ ಬಾತು ಉರಿಯುತ್ತದೆ. ಮೂತ್ರಪಿಂಡಕ್ಕೂ ಪೆಟ್ಟು ಬಿದ್ದು ಡಯಾಲಿಸಿಸ್ ತನಕ ಹೋಗುವುದುಂಟು.

ಇದನ್ನು ಪತ್ತೆ ಮಾಡುವ ಪರೀಕ್ಷೆ ನನಗೆ ಬಹಳ ಇಷ್ಟ. ದೊಡ್ಡ ಯಂತ್ರ ಬೇಕಿಲ್ಲ, ಕರೆಂಟೂ ಬೇಕಿಲ್ಲ. ಶುದ್ಧವಾದ, ಒಣಗಿದ ಗಾಜಿನ ಕೊಳವೆ ಒಂದಿದ್ದರೆ ಸಾಕು. ಅದರೊಳಗೆ 2 ಮಿಲಿಲೀಟರ್ ರಕ್ತ ಬಿಟ್ಟು, ಅಲ್ಲಾಡಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ಒಮ್ಮೆ ವಾಲಿಸಿ ನೋಡುತ್ತಾರೆ. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ಒಳಗೆ ಕೆಲಸ ಮಾಡುತ್ತಿದೆ ಎಂದರ್ಥ. ಕೊಳವೆ ಗಾಜಿನದೇ ಆಗಬೇಕು. ಗಾಜು ತಾಗಿದರೆ ರಕ್ತ ಹೆಪ್ಪುಗಟ್ಟಲು ತೊಡಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹಾಗಾಗುವುದಿಲ್ಲ. ಸೋಪುಪುಡಿಯಲ್ಲಿ ತೊಳೆದ ಕೊಳವೆಯೂ ತಪ್ಪು ಉತ್ತರ ಕೊಡಬಹುದು. ಎಷ್ಟು ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ ಇದು.

ವಿಷ ಏರಿದೆ ಎಂದು ತಿಳಿದರೆ ಇರುವ ಮದ್ದು ಒಂದೇ, ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷ. ಜನ 'ಹಾವಿನ ಇಂಜೆಕ್ಷನ್' ಎನ್ನುವುದು ಇದಕ್ಕೇ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ವಿಷವನ್ನು ತಡೆಯಲು ಅದರ ಮೈ ತಯಾರಿಸುವ ಪ್ರತಿಕಾಯಗಳನ್ನು ರಕ್ತದಿಂದ ಸೋಸಿ ತೆಗೆಯುತ್ತಾರೆ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ತೋರಿಸಿಕೊಟ್ಟ ದಾರಿ ಇದು. ನಮ್ಮ ದೇಶದಲ್ಲಿ ಇದಕ್ಕೆ ಬೇಕಾದ ವಿಷದ ದೊಡ್ಡ ಪಾಲು ದಶಕಗಳಿಂದ ಬಂದದ್ದು ಚೆನ್ನೈ ಹತ್ತಿರದ, ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಾವಿನ ಚರ್ಮದ ವ್ಯಾಪಾರ ನಿಂತಿತು, ಇರುಳರ ಹೊಟ್ಟೆಪಾಡಿಗೆ ಕುತ್ತು ಬಂತು. 1978ರಲ್ಲಿ ಅವರು ಈ ಸಂಘ ಕಟ್ಟಿಕೊಂಡರು. ಹಾವು ಹಿಡಿದು ತಂದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಹಾವಿನ ಹೆಜ್ಜೆ ಬಲ್ಲ ಆ ಜನರ ತಿಳಿವಳಿಕೆಗೆ ನಾವೆಲ್ಲ ಋಣಿಗಳು.

ಈ ಮದ್ದಿಗೂ ಮಿತಿಗಳಿವೆ. ಇದನ್ನು ತಯಾರಿಸುವುದು ನಾಲ್ಕು ಹಾವುಗಳಿಗಾಗಿ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮಲೆನಾಡಿನ ತೋಟಗಳಲ್ಲಿ ಮೂತಿ ಮೇಲಕ್ಕೆತ್ತಿದ ಪುಟ್ಟ ಗುಳಿಮಂಡಲವೊಂದಿದೆ, ಅದರ ವಿಷಕ್ಕೆ ಇದು ನಾಟುವುದಿಲ್ಲ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನೇ ಬೆನ್ನು ಹತ್ತಿದ್ದಾರೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆ ಸೇರಿ, ಕುದುರೆಯ ನೆರವಿಲ್ಲದೆ ಪ್ರಯೋಗಾಲಯದಲ್ಲೇ ತಯಾರಿಸಿದ ಪ್ರತಿಕಾಯವೊಂದರ ಬಗ್ಗೆ 2024ರಲ್ಲಿ ವರದಿ ಮಾಡಿದರು. ಅದು ಬೇರೆ ಬೇರೆ ಹಾವುಗಳ ಒಂದೇ ಬಗೆಯ ನರವಿಷವನ್ನು ತಡೆಯುತ್ತದೆ. ಸದ್ಯಕ್ಕೆ ಇಲಿಗಳ ಮೇಲೆ ನಡೆದ ಪ್ರಯೋಗ ಅದು, ಆಸ್ಪತ್ರೆಗೆ ಬರಲು ಇನ್ನೂ ಸಮಯ ಬೇಕು. ಮಿತಿಗಳೇನೇ ಇರಲಿ, ಇವತ್ತು ಜೀವ ಉಳಿಸುತ್ತಿರುವುದು ಎಎಸ್‌ವಿಯೇ. ಅದು ಬೇಗ ಸಿಕ್ಕಷ್ಟೂ ಒಳ್ಳೆಯದು.

ಆದರೆ ನಾವು ಸಮಯ ಕಳೆದುಕೊಳ್ಳುವುದು ಆಸ್ಪತ್ರೆಯ ದಾರಿ ಹಿಡಿಯುವ ಮೊದಲೇ. ಟವೆಲೋ ಹಗ್ಗವೋ ಹುಡುಕಿ ಬಿಗಿದು ಕಟ್ಟುತ್ತೇವೆ. ಹಾಗೆ ಕಟ್ಟಿದರೆ ಕಾಲಿಗೆ ರಕ್ತ ಹೋಗದೆ ಕಾಲೇ ಕೊಳೆಯಬಹುದು. ಬಿಚ್ಚಿದಾಗ ತಡೆದಿದ್ದ ವಿಷ ಒಮ್ಮೆಲೇ ನುಗ್ಗಬಹುದು. ಬ್ಲೇಡಿನಿಂದ ಕೊಯ್ದರೆ, ಹೆಪ್ಪುಗಟ್ಟದ ರಕ್ತ ನಿಲ್ಲುವುದೇ ಇಲ್ಲ. ಬಾಯಿಂದ ಹೀರಿದರೆ ವಿಷ ಬರುವುದಿಲ್ಲ. ಮೆಣಸಿನಕಾಯಿ ಅಗಿಸಿ ಖಾರ ಗೊತ್ತಾಗುತ್ತಾ ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ.

ನಾಟಿ ವೈದ್ಯರ ವಿಷಯ ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳಬೇಕು. ಅವರಲ್ಲಿ ಬಹಳ ಜನ ದುಡ್ಡಿಗಾಗಿ ಮಾಡುವವರಲ್ಲ. ಊರಿನ ಮೇಲಿನ ಪ್ರೀತಿಯಿಂದ ನಡುರಾತ್ರಿಯಲ್ಲೂ ಬಾಗಿಲು ತೆಗೆಯುತ್ತಾರೆ. ಅವರ ಹತ್ತಿರ ಹೋದವರು ಗುಣವಾದದ್ದೂ ನಿಜ. ಯಾಕೆಂದರೆ ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ಕೇರೆ, ನೀರುಹಾವಿನಂಥ ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಬರೀ ಕಚ್ಚುತ್ತದೆ. ಅಂಥವರು ಬೇರು ಕಟ್ಟಿಸಿಕೊಳ್ಳದಿದ್ದರೂ ಉಳಿಯುತ್ತಿದ್ದರು. ವಿಷ ಏರಿದವರಿಗೆ ಮಾತ್ರ ಆ ಒಂದು ಗಂಟೆ ತಿರುಗಿ ಸಿಗುವುದಿಲ್ಲ. 'ಗಾಡಿ ಹತ್ತಿಸಿ, ಮೊದಲು ಆಸ್ಪತ್ರೆಗೆ ಹೋಗಿ' ಎಂದು ಆ ಹಿರಿಯರೇ ಹೇಳಿದರೆ ನಮ್ಮೆಲ್ಲರ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ, ಅಲ್ವಾ?

ಹಾಗಾದರೆ ಮಾಡಬೇಕಾದ್ದೇನು? ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಓಡಿಸಬೇಡಿ. ಮುರಿದ ಮೂಳೆಗೆ ಕಟ್ಟುವಂತೆ ಕೋಲಿಟ್ಟು ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಕೈಕಾಲು ಅಲುಗದಿರಲಿ. ಬಳೆ, ಉಂಗುರ, ಕಾಲುಂಗುರ, ಗೆಜ್ಜೆ ತಕ್ಷಣ ತೆಗೆಯಿರಿ, ಬಾವು ಬಂದ ಮೇಲೆ ಬರುವುದಿಲ್ಲ. ವಾಂತಿ ಬರುವ ಹಾಗಿದ್ದರೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡವಾಗುವ ಊರಾದರೆ ಬೈಕಾದರೂ ಸರಿ, ಕಚ್ಚಿಸಿಕೊಂಡವರನ್ನು ನಡುವೆ ಕೂರಿಸಿ ಹಿಂದೆ ಒಬ್ಬರು ಹಿಡಿದುಕೊಳ್ಳಲಿ. ಹಾವನ್ನು ಹುಡುಕಿ ಹೊಡೆಯಲು ಹೋದರೆ ಇನ್ನೊಬ್ಬರಿಗೆ ಕಚ್ಚಿಸಿದಂತೆ. ಡಾಕ್ಟರಿಗೆ ಹಾವು ಬೇಕಿಲ್ಲ, ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುತ್ತಾರೆ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ 58 ಸಾವಿರ. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ನಾವು ನಾಗರ ಪಂಚಮಿ ಮಾಡುವುದೂ ಆ ತಿಂಗಳುಗಳಲ್ಲೇ. ಹುತ್ತದ ಮುಂದೆ ಕೈ ಮುಗಿದ ದಿನವೇ ಮನೆಯ ಟಾರ್ಚಿಗೆ ಹೊಸ ಸೆಲ್ ಹಾಕಿ, ಗೋಡೆಗೆ ಒರಗಿಸಿದ ಸೌದೆ ರಾಶಿಯನ್ನು ದೂರ ಸರಿಸಿದರೆ ಎಷ್ಟು ಚೆನ್ನ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಖಾಸಗಿ ಆಸ್ಪತ್ರೆಯವರೂ ಪ್ರತಿ ಪ್ರಕರಣವನ್ನು ಸರ್ಕಾರಕ್ಕೆ ತಿಳಿಸಬೇಕು. ಯಾವ ತಾಲ್ಲೂಕಿಗೆ ಎಷ್ಟು ಎಎಸ್‌ವಿ ಬೇಕು ಎಂದು ಲೆಕ್ಕ ಹಾಕಲು ಇದು ಬೇಕೇ ಬೇಕಿತ್ತು.

ಕೊನೆಗೆ ಒಂದು ಸಣ್ಣ ಮಾತು. ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರು ಹೇಳುವುದಿಲ್ಲ, 'ಹುಳ ಮುಟ್ಟಿತು' ಎನ್ನುತ್ತೇವೆ. ಹಿರಿಯರಿಂದ ಬಂದ ಮಾತು, ಮನೆಯಲ್ಲಿ ಇರಲಿ. ಆದರೆ ಆಸ್ಪತ್ರೆಯಲ್ಲಿ ಆ ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರು ಬೇರೆ ಊರಿನವರಿರಬಹುದು. ಹುಳ ಎಂದರೆ ಅವರು ಚೇಳೋ ಜರಿಯೋ ಅಂದುಕೊಳ್ಳಬಹುದು. ಅಲ್ಲಿ ಬಾಯಿ ಬಿಟ್ಟು ಹಾವು ಎಂದೇ ಹೇಳಿ. ಎಷ್ಟು ಗಂಟೆಗೆ ಕಚ್ಚಿತು, ರೆಪ್ಪೆ ಯಾವಾಗ ಜೋತು ಬಿತ್ತು, ಏನಾದರೂ ಬಿಗಿದು ಕಟ್ಟಿದ್ದಿರಾ, ಬೇರೆ ಮದ್ದು ಕೊಟ್ಟಿದ್ದಿರಾ, ಇದನ್ನೂ ಹೇಳಿ. ಕಚ್ಚಿದ್ದು ಕಂಡಿಲ್ಲ, ಆದರೆ ನೆಲದ ಮೇಲೆ ಮಲಗಿದ್ದರು ಎಂದಾದರೆ, ಅದನ್ನೇ ಮೊದಲು ಹೇಳಿ.