ಪೆಟ್ಟು ತಿನ್ನದ ಮಣ್ಣು

ಮಳೆ ಹಿಡಿದು ಎರಡು ವಾರ ಕಳೆದ ಮೇಲೆ ಕಾರವಾರದ ಯಾವುದಾದರೂ ಓಣಿಯಲ್ಲಿ ನಡೆದು ನೋಡಿ. ರಸ್ತೆ ಎಲ್ಲೆಂದರಲ್ಲಿ ಕುಸಿದಿರುವುದಿಲ್ಲ. ಅಳತೆ ಹಿಡಿದು ಎಳೆದ ಹಾಗೆ ಒಂದು ನೇರ ಪಟ್ಟಿ ಕುಸಿದಿರುತ್ತದೆ. ಅದರ ಕೆಳಗೆ ಪೈಪು ಹೋಗಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಮನೆಮನೆಗೆ ನಳ ಕೊಟ್ಟ ಕಡೆ ಅಡ್ಡ ಪಟ್ಟಿಗಳೂ ಕಾಣುತ್ತವೆ. ಸ್ಕೂಟರಿನಲ್ಲಿ ಹೋದರೆ ಮನೆಗೊಂದು ಕುಲುಕು.

ನಾನು ಬಹಳ ವರ್ಷ ಕುಡಿಯುವ ನೀರು ಮತ್ತು ಒಳಚರಂಡಿ ಕೆಲಸಗಳಲ್ಲಿ ಸೈಟ್ ಎಂಜಿನಿಯರ್ ಆಗಿದ್ದವನು. ಜನ ಕೇಳುವುದು ಒಂದೇ ಮಾತು: "ಡಾಂಬರು ಕಳಪೆ ಅಲ್ವಾ ಸರ್?" ಕೆಲವು ಕಡೆ ಹೌದು. ಆದರೆ ನಾನು ಒಡೆದು ನೋಡಿದ ತೇಪೆಗಳಲ್ಲಿ ಜಾಸ್ತಿ ಕಡೆ ಡಾಂಬರು ಚೆನ್ನಾಗಿಯೇ ಇತ್ತು. ಅದರ ಕೆಳಗೆ ಕೈ ತೂರುವಷ್ಟು ಪೊಳ್ಳಿತ್ತು.

ಈ ಪೊಳ್ಳು ಯಾಕೆ ಬರುತ್ತದೆ, ಲೆಕ್ಕ ಹಾಕಿ ನೋಡೋಣ. ಒಂದು ಮಣ್ಣನ್ನು ಪ್ರಯೋಗಾಲಯದಲ್ಲಿ ಹದವಾಗಿ ಬಡಿದಾಗ ಸಿಗುವ ಗಟ್ಟಿತನವನ್ನು, ಅಂದರೆ ಅಷ್ಟೇ ಜಾಗದಲ್ಲಿ ಎಷ್ಟು ಮಣ್ಣು ಹಿಡಿಯುತ್ತದೆ ಎನ್ನುವುದನ್ನು, 100 ಎಂದುಕೊಳ್ಳಿ. ರಸ್ತೆಯ ಕಡಿ ಪದರದ ಕೆಳಗಿರುವ ಮಣ್ಣು ಅದರ 97ರಷ್ಟಾದರೂ ಗಟ್ಟಿ ಇರಬೇಕು ಎನ್ನುವುದು ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮ. ಜೆಸಿಬಿ ಸುಮ್ನೆ ಮಣ್ಣು ತಳ್ಳಿ, ಬಕೆಟ್‌ನಿಂದ ಮೇಲೆ ನಾಲ್ಕು ಸಲ ಒತ್ತಿ ಹೋದ ಟ್ರೆಂಚಿನಲ್ಲಿ (ಪೈಪಿಗಾಗಿ ಅಗೆದ ಉದ್ದ ಗುಂಡಿ) ಆ ಗಟ್ಟಿತನ 80 ಇದೆ ಎಂದೇ ಇಟ್ಟುಕೊಳ್ಳೋಣ. ಅದು ಮುಂದೆ 95ಕ್ಕೆ ಬರುವಷ್ಟರಲ್ಲಿ ಒಂದು ಮೀಟರ್ ಆಳದ ಟ್ರೆಂಚು ಸುಮಾರು 15 ಸೆಂ.ಮೀ. ಇಳಿಯುತ್ತದೆ. ಅಂದರೆ ಅರ್ಧ ಅಡಿ. ಈ ಇಳಿತವನ್ನು ತಪ್ಪಿಸಲು ಆಗುವುದಿಲ್ಲ. ನಾವು ಮೊದಲೇ ಬಡಿದು ಇಳಿಸದಿದ್ದರೆ ಮಳೆನೀರು ಮತ್ತು ಲಾರಿಯ ಚಕ್ರ ಸೇರಿ ಇಳಿಸುತ್ತವೆ. ಮೇಲೆ ಹಾಕಿದ ಡಾಂಬರು ಎಷ್ಟೇ ಒಳ್ಳೆಯದಿರಲಿ, ಅದೂ ಜೊತೆಗೇ ಇಳಿಯುತ್ತದೆ.

ಮಣ್ಣು ಬಡಿದು ಗಟ್ಟಿ ಮಾಡುವ ಈ ವಿದ್ಯೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಸದೇನಲ್ಲ. ಶಿರಸಿ ಕಡೆ ಮಳೆ ಮುಗಿದು ಅಡಿಕೆ ಕೊಯ್ಲಿಗೆ ಮೊದಲು ಅಂಗಳ ಮಾಡುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಹಳೆ ನೆಲ ಕೆತ್ತುತ್ತಾರೆ. ತೆಳುವಾಗಿ ಮಣ್ಣು ಹರಡುತ್ತಾರೆ. ಅಳತೆ ನೋಡಿ ನೀರು ಚಿಮುಕಿಸುತ್ತಾರೆ. ಆಮೇಲೆ ಸಾಲು ಹಿಡಿದು ಬಡಿಯುತ್ತಾರೆ. ನೀರು ಕಡಿಮೆಯಾದರೆ ಮಣ್ಣು ಪುಡಿಯಾಗಿ ಏಳುತ್ತದೆ, ಹೆಚ್ಚಾದರೆ ಹಲಗೆಗೆ ಅಂಟುತ್ತದೆ. ಆ ಹದ ಅಜ್ಜಂದಿರ ಕೈಗೆ ಗೊತ್ತಿತ್ತು. ಟ್ರೆಂಚು ತುಂಬುವುದೂ ಇದೇ ಕೆಲಸ. ಒಂದು ಮುಷ್ಟಿ ಮಣ್ಣು ಹಿಡಿದು ಹಿಂಡಿ. ಉಂಡೆ ನಿಲ್ಲಬೇಕು, ಕೈಗೆ ನೀರು ಹತ್ತಬಾರದು. ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಜಾಸ್ತಿಯಾಯಿತು. ಪ್ರಯೋಗಾಲಯಕ್ಕೆ ಇದು ಬದಲಿ ಅಲ್ಲ. ಆದರೆ ಸೈಟಿನಲ್ಲಿ ನಿಂತವನಿಗೆ ಬೆಳಗ್ಗೆ ಕೆಲಸ ಶುರು ಮಾಡಬೇಕೋ ಬೇಡವೋ ಎನ್ನುವಷ್ಟು ತಿಳಿಯುತ್ತದೆ.

ಹದ ಸಿಕ್ಕ ಮೇಲೆ ಪದರ. ಒಂದು ಸಲಕ್ಕೆ 15 ಸೆಂ.ಮೀ.ಗಿಂತ ಹೆಚ್ಚು ಮಣ್ಣು ಹಾಕಬಾರದು. ಪೈಪಿನ ಸುತ್ತ ಮತ್ತು ಅದರ ಮೇಲೆ ಒಂದು ಗೇಣಿನಷ್ಟು ಕಲ್ಲಿಲ್ಲದ ಮರಳನ್ನು ಕೈ ದಿಮ್ಮಸಿನಿಂದ ಕೂರಿಸಬೇಕು. ಅಲ್ಲಿ ಯಂತ್ರ ಓಡಿಸಿದರೆ ಪೈಪಿನ ಜೋಡಣೆ ಬಿಡುತ್ತದೆ. ಅದರ ಮೇಲಿನ ಪ್ರತಿ ಪದರಕ್ಕೂ ಮಣ್ಣು ಬಡಿಯುವ ಯಂತ್ರವಾದ ರ‍್ಯಾಮರ್ ಓಡಬೇಕು. ಒಂದು ಮೀಟರ್ ಮಣ್ಣು ತುಂಬಲು ಏಳು ಪದರವಾದರೂ ಆಗುತ್ತದೆ. ಒಂದೇ ಸಲ ತುಂಬಿ ಮೇಲಿಂದ ರೋಲರ್ ಓಡಿಸಿದರೆ ಆಗದೇ ಎಂದು ಕೇಳುತ್ತಾರೆ. ಆಗುವುದಿಲ್ಲ. ರೋಲರಿನ ಚಕ್ರ ಟ್ರೆಂಚಿಗಿಂತ ಅಗಲ. ಅದರ ಭಾರವೆಲ್ಲ ಎರಡೂ ಬದಿಯ ಗಟ್ಟಿ ರಸ್ತೆಯ ಮೇಲೆ ಕೂರುತ್ತದೆ, ನಡುವಿನ ಮಣ್ಣಿಗೆ ಪೆಟ್ಟೇ ಬೀಳುವುದಿಲ್ಲ.

ಇಷ್ಟು ಗೊತ್ತಿದ್ದೂ ಯಾಕೆ ಮಾಡುವುದಿಲ್ಲ? ನನಗೆ ಕಂಡ ಕಾರಣ ಹೇಳುತ್ತೇನೆ. ಬಿಲ್ಲು ಬರುವುದು ಪೈಪಿನ ಮೀಟರ್ ಲೆಕ್ಕದಲ್ಲಿ. ದಿನಕ್ಕೆ ಎಷ್ಟು ಪೈಪು ಇಳಿಯಿತು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಪದರ ಬಡಿದಿರಿ ಎಂದು ಕೇಳುವವರು ಕಡಿಮೆ. ಮಣ್ಣು ತುಂಬುವುದಕ್ಕೆ ಬೇರೆ ಅಳತೆ, ಬೇರೆ ಪರೀಕ್ಷೆ, ಬೇರೆ ಹಣ ಇಡದ ಕಡೆ ಆ ಕೆಲಸ ಸಂಜೆ ಐದರ ಮೇಲೆ ಅವಸರದಲ್ಲಿ ಮುಗಿಯುತ್ತದೆ.

ನಾನೂ ಹಾಗೆ ಮುಗಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಕಾರವಾರದಲ್ಲಿ ಸಮುದ್ರಕ್ಕೆ ಹತ್ತಿರದ ಒಂದು ಓಣಿ. ಮೇ ಕೊನೆಯ ವಾರ. ಟ್ರೆಂಚಿನಲ್ಲಿ ನೀರು ಒಸರುತ್ತಿತ್ತು. ಪಂಪು ಹಾಕಿ ಖಾಲಿ ಮಾಡಲು ಸಮಯವಿಲ್ಲ ಎಂದರು, ನಾನು ಒಪ್ಪಿದೆ. ಒದ್ದೆ ಮರಳನ್ನೇ ತಳ್ಳಿ, ಮೇಲೆ ಕಡಿ ಹಾಸಿ, ಡಾಂಬರು ಹಾಕಿದೆವು. ಜೂನ್‌ನಲ್ಲಿ ಅಂಕೋಲೆ ಕಡೆಯಿಂದ ತರಕಾರಿ ಮಾರಲು ಬರುತ್ತಿದ್ದ ಹಾಲಕ್ಕಿ ಹೆಂಗಸೊಬ್ಬರು ಬುಟ್ಟಿ ಹೊತ್ತುಕೊಂಡು ಅದೇ ತೇಪೆಯ ಮೇಲೆ ಕಾಲಿಟ್ಟರು. ಮೊಣಕಾಲಿನವರೆಗೆ ಇಳಿದರು. ಹಿಮ್ಮಡಿ ಗಂಟು ಮುರಿದಿತ್ತು. ಆಸ್ಪತ್ರೆಗೆ ನೋಡಲು ಹೋದಾಗ ಅವರು ಬೈಯಲಿಲ್ಲ. "ಕರ‍್ರಗೆ ಕಂಡಿತ್ತು ತಮಾ, ಗಟ್ಟಿ ಇದೆ ಅಂದ್ಕಂಡೆ" ಅಂದರು. ಆ ಸಲದ ಮಳೆಗಾಲದ ವ್ಯಾಪಾರ ಅವರಿಗೆ ಹೋಯಿತು. ಆ ಕೆಲಸದ ಹಾಳೆಯಲ್ಲಿ ನನ್ನ ಸಹಿ ಇತ್ತು. ಅವತ್ತಿನಿಂದ ಡಾಂಬರಿಗೆ ಮೊದಲು ಟ್ರೆಂಚಿನ ಮೇಲೆ ನಾನೇ ನಡೆದು ನೋಡದೆ ಸಹಿ ಹಾಕಿಲ್ಲ.

ಅಲ್ಲಿ ಆದದ್ದು ಏನು ಎಂದು ನವೆಂಬರ್‌ನಲ್ಲಿ ಅಗೆದಾಗ ತಿಳಿಯಿತು. ಕಾರವಾರದ ಕೋಡಿಬಾಗ, ಕಾಜುಬಾಗದಂಥ ಕಡೆ ನೆಲ ಮರಳು, ನೀರಿನ ಮಟ್ಟ ಮೇಲೆ. ಅಗೆದ ಕೂಡಲೇ ಬದಿಯ ಮರಳು ಟ್ರೆಂಚಿನೊಳಗೆ ಜಾರುತ್ತದೆ. ಮೇಲಿನ ಡಾಂಬರು ಹಾಗೇ ನಿಂತಿರುತ್ತದೆ, ಅದರ ಕೆಳಗೆ ಮಾತ್ರ ಗೂಡು ಬಿದ್ದಿರುತ್ತದೆ. ಟ್ರೆಂಚು ತುಂಬಿದರೂ ಆ ಗೂಡು ತುಂಬುವುದಿಲ್ಲ. ಪಕ್ಕದ ಹಳೆ ಚರಂಡಿಯ ಗೋಡೆ ಬಿರುಕು ಬಿಟ್ಟಿದ್ದರೆ ಮಳೆನೀರಿನ ಜೊತೆ ಮರಳು ಅದರೊಳಗೆ ಸೋರುತ್ತದೆ, ಗೂಡು ಇನ್ನೂ ದೊಡ್ಡದಾಗುತ್ತದೆ. ಆದ್ದರಿಂದ ಮರಳು ನೆಲದಲ್ಲಿ ಮೊದಲು ನೀರು ತೆಗೆಯಬೇಕು. ಬದಿಗೆ ಹಲಗೆ ಆನಿಸಿ ಅಗೆಯಬೇಕು. ತುಂಬುವಾಗ ನಡುಗಿಸುವ ಪ್ಲೇಟ್ ಯಂತ್ರ ಬಳಸಬೇಕು, ಮರಳು ಪೆಟ್ಟಿಗಿಂತ ನಡುಕಕ್ಕೆ ಚೆನ್ನಾಗಿ ಕೂರುತ್ತದೆ. ಚರಂಡಿಯ ಬಿರುಕನ್ನು ಅದೇ ದಿನ ಗಾರೆ ಹಾಕಿ ಮುಚ್ಚಬೇಕು.

ಘಟ್ಟದ ಮೇಲೆ ಕಥೆ ಬೇರೆ. ಶಿರಸಿಯ ಇಳಿಜಾರು ರಸ್ತೆಗಳಲ್ಲಿ ನೆಲ ಕೆಂಪು ಮಣ್ಣು, ಅಗೆದರೆ ಗೋಡೆ ಹಾಗೇ ನಿಲ್ಲುತ್ತದೆ. ತೊಂದರೆ ಶುರುವಾಗುವುದು ತುಂಬಿದ ಮೇಲೆ. ಎರಡೂ ಬದಿ ಗಟ್ಟಿ ನೆಲ, ನಡುವೆ ಸಡಿಲ ಮಣ್ಣು. ಇಳಿಜಾರಿನ ಉದ್ದಕ್ಕೂ ಅದು ತೋಟದ ಬಸಿಗಾಲುವೆಯ ಹಾಗೆ ನೀರು ಹರಿಸುತ್ತದೆ, ಹೊರಗೆ ಕಾಣುವುದಿಲ್ಲ ಅಷ್ಟೆ. ಮೇಲೆ ಸೇರಿದ ನೀರು ಕೆಳಗಿನ ತಿರುವಿನಲ್ಲಿ ಡಾಂಬರು ಎತ್ತಿಕೊಂಡು ಹೊರಬರುತ್ತದೆ. ಇದಕ್ಕೆ ಉಪಾಯವಿದೆ. ಇಳಿಜಾರಿನಲ್ಲಿ ಅಲ್ಲಲ್ಲಿ ಟ್ರೆಂಚಿಗೆ ಅಡ್ಡಲಾಗಿ ಜೇಡಿ ಮಣ್ಣಿನದ್ದೋ ತೆಳು ಕಾಂಕ್ರೀಟಿನದ್ದೋ ಒಂದು ಕಟ್ಟೆ ಹಾಕಬೇಕು. ಖರ್ಚು ಬಹಳ ಕಡಿಮೆ. ಆದರೂ ಅಂದಾಜು ಪಟ್ಟಿಯಲ್ಲಿ ಇದನ್ನು ಕಂಡದ್ದು ಅಪರೂಪ. ಇನ್ನು ಕುಮಟಾ, ಹೊನ್ನಾವರದ ಗುಡ್ಡ ಕಡಿದ ಜಾಗಗಳಲ್ಲಿ ಚಿರೆಕಲ್ಲಿನ ಕೆಳಗೆ ಶೇಡಿ ಮಣ್ಣು ಸಿಗುತ್ತದೆ. ಒಣಗಿದ್ದಾಗ ಗಟ್ಟಿ, ನೀರು ತಾಗಿದರೆ ಬೆಣ್ಣೆ. ಅದನ್ನು ಮತ್ತೆ ಟ್ರೆಂಚಿಗೆ ತುಂಬಲೇಬಾರದು. ಲಾರಿಯಲ್ಲಿ ಹೊರಗೆ ಸಾಗಿಸಿ, ಬದಲಿಗೆ ಚಿರೆಕಲ್ಲಿನ ಪುಡಿಜಲ್ಲಿ ತಂದು ಹಾಕಬೇಕು.

ರ‍್ಯಾಮರ್ ಇಳಿಯದಷ್ಟು ಕಿರಿದಾದ ಟ್ರೆಂಚಿಗೆ ಮರಳು, ನೀರು ಮತ್ತು ಸ್ವಲ್ಪವೇ ಸಿಮೆಂಟು ಸೇರಿಸಿದ ಗಂಜಿಯಂಥ ಮಿಶ್ರಣ ಸುರಿಯಬಹುದು. ಅದು ತಾನೇ ಹರಿದು ಮೂಲೆಮೂಲೆ ತುಂಬುತ್ತದೆ, ಬಡಿಯುವುದೇ ಬೇಡ. ಸಿಮೆಂಟು ಜಾಸ್ತಿ ಹಾಕಿದರೆ ಗಟ್ಟಿ ಎಂದು ಖುಷಿಪಡಬಾರದು. ನಾಳೆ ಪೈಪು ಒಡೆದರೆ ಅಗೆಯಬೇಕಲ್ಲ. ಅಮೆರಿಕದಲ್ಲಿ ಮುಂದೆ ಅಗೆಯಬೇಕಾದ ಕಡೆ ಇದರ ಬಲ 2 ಎಂಪಿಎ (ಒತ್ತಡ ತಡೆಯುವ ಶಕ್ತಿಯ ಅಳತೆ) ಆಸುಪಾಸು ಮೀರದಂತೆ ನೋಡಿಕೊಳ್ಳುತ್ತಾರೆ. ನಮ್ಮ ಸಾಮಾನ್ಯ ಎಂ 20 ಕಾಂಕ್ರೀಟಿನ ಹತ್ತನೇ ಒಂದು ಪಾಲು ಅದು.

ಇಷ್ಟಾದ ಮೇಲೆ ಡಾಂಬರು. ಇಲ್ಲಿ ಒಂದೇ ವಿಷಯ ಒತ್ತಿ ಹೇಳುತ್ತೇನೆ. ಟ್ರೆಂಚಿನ ಅಗಲಕ್ಕೆ ಸರಿಯಾಗಿ ಡಾಂಬರು ಹಾಕಬಾರದು. ಅಗೆಯುವಾಗ ಬದಿಯ ರಸ್ತೆಯೂ ಸಡಿಲವಾಗಿರುತ್ತದೆ. ಎರಡೂ ಕಡೆ ಇನ್ನೂ ಒಂದು ಗೇಣಿನಿಂದ ಒಂದು ಅಡಿ, ಅಂದರೆ 20ರಿಂದ 30 ಸೆಂ.ಮೀ., ಹಳೆ ಡಾಂಬರನ್ನು ಯಂತ್ರದಿಂದ ನೇರವಾಗಿ ಕೊಯ್ದು ತೆಗೆಯಬೇಕು. ಕೊಯ್ದ ಅಂಚಿಗೆ ಡಾಂಬರಿನ ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು) ಬಳಿಯಬೇಕು. ಆಗ ಹೊಸ ಡಾಂಬರಿನ ಅಂಚು ಅಲುಗದ ನೆಲದ ಮೇಲೆ ಕೂರುತ್ತದೆ, ಸೇರುವ ಗೆರೆಯಲ್ಲಿ ನೀರು ಇಳಿಯುವುದಿಲ್ಲ. ರಸ್ತೆ ಅಗೆಯಲು ಕಟ್ಟಿಸಿಕೊಳ್ಳುವ ಹಣವನ್ನೂ ಈ ದೊಡ್ಡ ಅಗಲಕ್ಕೇ ಲೆಕ್ಕ ಹಾಕಬೇಕು. ಕಾಂಕ್ರೀಟ್ ರಸ್ತೆಯಾದರೆ ಕೊಯ್ದ ಅಂಚಿಗೆ ತೂತು ಕೊರೆದು ಕಬ್ಬಿಣದ ಸರಳು ಕೂರಿಸಿ, ಹಳೆಯಷ್ಟೇ ದಪ್ಪ ಹಾಕಿ, ಕನಿಷ್ಠ ಏಳು ದಿನ ನೀರುಣಿಸಬೇಕು.

ಫುಟ್‌ಪಾತಿನ ವಿಷಯಕ್ಕೆ ಬಂದರೆ ನನಗೆ ಬೇಸರ ಹೆಚ್ಚು. ರಸ್ತೆ ಕುಸಿದರೆ ಬೈಕಿನವರು ದೂರು ಕೊಡುತ್ತಾರೆ. ಫುಟ್‌ಪಾತ್ ಕುಸಿದರೆ ಅಜ್ಜಿಯಂದಿರು ಸುಮ್ಮನೆ ರಸ್ತೆಗಿಳಿದು ನಡೆಯುತ್ತಾರೆ. ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ ಅಗಲ 1.8 ಮೀಟರ್, ಅಂಚಿನ ಎತ್ತರ 15 ಸೆಂ.ಮೀ. ಮೀರಬಾರದು. ನಮ್ಮ ಪೇಟೆಗಳಲ್ಲಿ ಫುಟ್‌ಪಾತ್ ಅಂದರೆ ಹೆಚ್ಚಾಗಿ ಚರಂಡಿಯ ಮೇಲಿನ ಚಪ್ಪಡಿ. ಕೇಬಲ್ಲಿಗೋ ಪೈಪಿಗೋ ಅದನ್ನು ಎತ್ತುತ್ತಾರೆ, ವಾಪಸ್ ಇಡುವಾಗ ಮೂಲೆಯ ಕೆಳಗೆ ಒಂದು ಕಲ್ಲುಚೂರು ಉಳಿಯುತ್ತದೆ. ಚಪ್ಪಡಿ ಅಲ್ಲಾಡುತ್ತದೆ. ಒಂದು ದಿನ ಮುರಿಯುತ್ತದೆ. ಚರಂಡಿ ಗೋಡೆಯ ತಲೆ ಗುಡಿಸಿ, ತೆಳುವಾಗಿ ಗಾರೆ ಹಾಸಿ, ಅದರ ಮೇಲೆ ಚಪ್ಪಡಿ ಕೂರಿಸಲು ಹತ್ತು ನಿಮಿಷ ಸಾಕು. ಎರಡು ಚಪ್ಪಡಿಗಳ ನಡುವೆ ಊರುಗೋಲಿನ ತುದಿ ಇಳಿಯಬಾರದು.

ಇಂಟರ್‌ಲಾಕ್ (ಒಂದಕ್ಕೊಂದು ಕಚ್ಚಿಕೊಳ್ಳುವ ಸಿಮೆಂಟು ಬ್ಲಾಕು) ಹಾಸಿದ ಕಡೆ ಕೆಲಸ ಸುಲಭ, ಅದೇ ಬ್ಲಾಕುಗಳನ್ನು ಬಿಚ್ಚಿ ಮತ್ತೆ ಹಾಸಬಹುದು. ಮುಂದೆ ಅಗೆತ ಖಂಡಿತ ಇದೆ ಎನ್ನುವ ಓಣಿಗೆ ನಾನು ಇದನ್ನೇ ಹೇಳುತ್ತೇನೆ. ನಡೆಯುವವರಿಗೆ ಮಾತ್ರ ಆದರೆ 60 ಮಿ.ಮೀ. ದಪ್ಪ ಸಾಕು, ಗಾಡಿ ಹತ್ತುವ ಕಡೆ 80 ಮಿ.ಮೀ. ಬೇಕು. ಕೆಳಗೆ ಹಾಸಲು ಕಡಲ ತೀರದ ನುಣ್ಣನೆ ಮರಳು ಬೇಡ, ಒಂದೇ ಮಳೆಗೆ ತೊಳೆದುಹೋಗುತ್ತದೆ. ದಪ್ಪ ಕಣದ ಮರಳು ಬೇಕು. ಅಂಚಿಗೆ ಕಲ್ಲೋ ಕಾಂಕ್ರೀಟೋ ಗಟ್ಟಿಯಾಗಿ ಹಿಡಿದಿರಬೇಕು. ಇಲ್ಲದಿದ್ದರೆ ಬ್ಲಾಕುಗಳು ಮೆಲ್ಲಗೆ ಹೊರಗೆ ಸರಿಯುತ್ತವೆ.

ಕೆಲಸ ಯಾವಾಗ ಮಾಡಬೇಕು ಎನ್ನುವುದೂ ಮುಖ್ಯ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದೀಪಾವಳಿ ಮುಗಿದ ಮೇಲೆ ಅಗೆದು, ಏಪ್ರಿಲ್ ಒಳಗೆ ಡಾಂಬರು ಮುಗಿಸಬೇಕು. ಮೇ ತಿಂಗಳಲ್ಲಿ ಹೊಸ ಟ್ರೆಂಚು ತೆರೆಯಲು ಅನುಮತಿ ಕೊಡಬಾರದು, ಪೈಪು ಒಡೆದಂಥ ತುರ್ತು ಬಿಟ್ಟು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಅದರ ಹಿಂದಿನ ವಾರ ರಾತ್ರೋರಾತ್ರಿ ತೇಪೆ ಹಾಕುವ ಬದಲು, ಅಗೆತವನ್ನೇ ಜಾತ್ರೆಯ ನಂತರಕ್ಕೆ ಇಟ್ಟುಕೊಂಡರೆ ಎರಡೂ ಚೆನ್ನಾಗಿ ನಡೆಯುತ್ತವೆ. ಮಳೆಗಾಲದಲ್ಲಿ ಅಗೆಯಲೇಬೇಕಾಗಿ ಬಂದರೆ ಕೆಳಗೆ ಪುಡಿಜಲ್ಲಿ ಪದರ ಪದರವಾಗಿ ಬಡಿದು, ಮೇಲೆ ತಾತ್ಕಾಲಿಕವಾಗಿ ಇಂಟರ್‌ಲಾಕ್ ಹಾಸಿ. ಅಕ್ಟೋಬರ್ ನಂತರ ಬಿಚ್ಚಿ ಡಾಂಬರು ಹಾಕಬಹುದು.

ಹೊಣೆಯ ಅವಧಿಯನ್ನೂ ಕರಾರಿನಲ್ಲಿ ಬರೆಯಬೇಕು. ಇಂಗ್ಲೆಂಡಿನಲ್ಲಿ ರಸ್ತೆ ಅಗೆದವರು ಮುಚ್ಚಿದ ಮೇಲೆ 2 ವರ್ಷ, ಒಂದೂವರೆ ಮೀಟರಿಗಿಂತ ಆಳವಾಗಿದ್ದರೆ 3 ವರ್ಷ ಅದಕ್ಕೆ ಹೊಣೆ. ನಮ್ಮಲ್ಲಿ ಕನಿಷ್ಠ ಎರಡು ಮಳೆಗಾಲ ಎಂದು ಬರೆದರೆ ಅರ್ಥವಿದೆ. ಅಗೆಯುವ ಮೊದಲು ನೆಲದಡಿ ಯಾರ ಕೇಬಲ್ಲು, ಯಾರ ಪೈಪು ಇದೆ ಎಂದು ಕೇಳಿ ತಿಳಿಯಲು 2023ರಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿದೆ. ಅದನ್ನು ಬಳಸಲಿ.

ನಿಮ್ಮ ಮನೆ ಮುಂದೆ ಟ್ರೆಂಚು ತುಂಬುವ ದಿನ ಅರ್ಧ ಗಂಟೆ ಹೊರಗೆ ನಿಲ್ಲಿ. ರ‍್ಯಾಮರ್ ಸದ್ದು ಎಷ್ಟು ಸಲ ಕೇಳಿತು ಎಂದು ಲೆಕ್ಕ ಇಡಿ. ಕಡಿ ಹಾಕುವ ಮೊದಲು ಬೆರಳು ದಪ್ಪದ ಒಂದು ಸರಳನ್ನು ಕೈಯಿಂದ ಒತ್ತಿ ನೋಡಲು ಮೇಸ್ತ್ರಿಗೆ ಹೇಳಿ. ಪೈಪು ಎಲ್ಲಿದೆ ಎಂದು ಮೊದಲು ಅವರನ್ನೇ ಕೇಳಿ, ಅದರ ನೇರಕ್ಕೆ ಬೇಡ, ಬದಿಗೆ ಒತ್ತಲಿ. ಗೇಣುದ್ದ ಸಲೀಸಾಗಿ ಇಳಿದರೆ ಅವತ್ತು ಡಾಂಬರು ಬೇಡ ಎನ್ನಿ. ಟ್ರೆಂಚಿಗೆ ಟೇಪು ಹಿಡಿದು ಒಂದು ಫೋಟೋ ತೆಗೆದು, ದಿನಾಂಕದ ಜೊತೆ ವಾರ್ಡಿನ ಸದಸ್ಯರಿಗೂ ಎಂಜಿನಿಯರಿಗೂ ಅವತ್ತೇ ಕಳಿಸಿ.