ಐದು ಗಂಡುಮಕ್ಕಳಿದ್ದೂ ಅಳಿದ ಮಾರ್ಷಲ್ ಮನೆತನ

1219ರ ಮೇ 14ರಂದು ವಿಲಿಯಂ ಮಾರ್ಷಲ್ ಕಣ್ಣು ಮುಚ್ಚಿದಾಗ ಅವನಿಗೆ ಐದು ಗಂಡು, ಐದು ಹೆಣ್ಣು. ಹತ್ತು ಮಕ್ಕಳೂ ಬದುಕಿದ್ದರು. ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್ ಮೂರೂ ಕಡೆ ಕೋಟೆಗಳು, ಕಡಲಾಚೆ ನಾರ್ಮಂಡಿಯಲ್ಲಿ ಜಮೀನು. ಸಾಯುವುದಕ್ಕೆ ಕೆಲವೇ ವಾರ ಮುಂಚಿನವರೆಗೆ, ಬಾಲರಾಜ ಮೂರನೇ ಹೆನ್ರಿಯ ಹೆಸರಿನಲ್ಲಿ ಇಡೀ ಇಂಗ್ಲೆಂಡನ್ನು ಆಳುತ್ತಿದ್ದವನು ಅವನೇ. ಅಂಥ ಮನೆಯ ಹೆಸರು ಹೇಳಲು 1245 ಮುಗಿಯುವಷ್ಟರಲ್ಲಿ ಒಬ್ಬ ಮಗನೂ ಉಳಿದಿರಲಿಲ್ಲ. ಐವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು, ಒಬ್ಬನಿಗೂ ಮದುವೆಯಿಂದ ಹುಟ್ಟಿದ ಮಗುವಿರಲಿಲ್ಲ.

ಇದು ಬಿಷಪ್ ಒಬ್ಬನ ಶಾಪ ಎಂದು ಆ ಕಾಲದ ಜನ ಆಡಿಕೊಂಡರು. ಶಾಪದ ಕಥೆ ಚೆನ್ನಾಗಿಯೇ ಇದೆ, ಮುಂದೆ ಹೇಳುತ್ತೇನೆ. ಆದರೆ ಆಸ್ತಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹುಡುಕುತ್ತಾ ಹೋದರೆ ಅದಕ್ಕಿಂತ ಸ್ವಾರಸ್ಯವಾದ ಸಂಗತಿ ಕಾಣುತ್ತದೆ. ಕತ್ತಿಯಿಂದ ಹೆಸರು ಗಳಿಸಿದ ಈ ನೈಟ್‌ನ ಸಂಪತ್ತು ಬಹುಪಾಲು ಹೆಂಡತಿಯ ಕಡೆಯಿಂದ ಬಂದದ್ದು, ಕೊನೆಗೆ ಹೆಣ್ಣುಮಕ್ಕಳ ಮೂಲಕವೇ ಬೇರೆ ಮನೆಗಳಿಗೆ ಹೋದದ್ದು.

ವಿಲಿಯಂ ಹುಟ್ಟಿದ್ದು 1147ರ ಸುಮಾರಿಗೆ. ತಂದೆ ಜಾನ್, ರಾಜನ ಮಾರ್ಷಲ್. ಅರಮನೆಯ ಕುದುರೆ ಲಾಯ, ಪರಿವಾರದ ಶಿಸ್ತು ಇವನ್ನೆಲ್ಲ ನೋಡಿಕೊಳ್ಳುವ ವಂಶಪಾರಂಪರ್ಯ ಹುದ್ದೆ ಅದು. ಮನೆತನದ ಹೆಸರೂ ಅದರಿಂದಲೇ ಬಂತು. ಆಗ ಸಿಂಹಾಸನಕ್ಕಾಗಿ ರಾಜ ಸ್ಟೀಫನ್ ಮತ್ತು ಮಟಿಲ್ಡಾ ಕಾದಾಡುತ್ತಿದ್ದರು. 1152ರಲ್ಲಿ ಸ್ಟೀಫನ್ ನ್ಯೂಬರಿಯ ಕೋಟೆಗೆ ಮುತ್ತಿಗೆ ಹಾಕಿದಾಗ, ಕೆಲವು ದಿನ ಕದನವಿರಾಮ ಕೇಳಿದ ಜಾನ್, ತನ್ನ ಮಾತಿಗೆ ಒತ್ತೆಯಾಗಿ ಐದಾರು ವರ್ಷದ ವಿಲಿಯಂನನ್ನು ಒಪ್ಪಿಸಿದ. ಸಿಕ್ಕ ಬಿಡುವಿನಲ್ಲಿ ಕೋಟೆಗೆ ಕಾಳು, ಆಳು ತುಂಬಿಸಿಕೊಂಡು ಮಾತು ಮುರಿದ. ಹುಡುಗನನ್ನು ಗಲ್ಲಿಗೇರಿಸುತ್ತೇವೆ ಎಂಬ ಬೆದರಿಕೆಗೆ ಅವನು ಕೊಟ್ಟ ಉತ್ತರ ಇಂದಿಗೂ ಇಂಗ್ಲಿಷ್ ಇತಿಹಾಸದಲ್ಲಿ ಕುಖ್ಯಾತ: ಇದಕ್ಕಿಂತ ಒಳ್ಳೆಯ ಮಕ್ಕಳನ್ನು ತಯಾರಿಸಲು ಬೇಕಾದ ಸುತ್ತಿಗೆ, ಅಡಿಗಲ್ಲು ನನ್ನ ಬಳಿ ಇನ್ನೂ ಇವೆ. ಸ್ಟೀಫನ್‌ಗೆ ಮಾತ್ರ ಹುಡುಗನನ್ನು ಕೊಲ್ಲಲು ಮನಸ್ಸು ಬರಲಿಲ್ಲ. ಡೇರೆಯಲ್ಲಿ ಇಬ್ಬರೂ ಹುಲ್ಲುಕಡ್ಡಿಗಳನ್ನು ಯೋಧರೆಂದು ಹಿಡಿದು ಆಟವಾಡಿದರಂತೆ.

'ಅಂತೆ' ಎನ್ನುವುದಕ್ಕೆ ಕಾರಣವಿದೆ. ವಿಲಿಯಂನ ಬದುಕು ನಮಗೆ ಇಷ್ಟು ಸವಿವರವಾಗಿ ಗೊತ್ತಿರುವುದು ಅವನು ಸತ್ತ ಮೇಲೆ ಹಿರಿಯ ಮಗ ಬರೆಸಿದ ಹಳೆಯ ಫ್ರೆಂಚ್ ಕಾವ್ಯದಿಂದ. ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಆ ಕಾವ್ಯದ ಒಂದೇ ಒಂದು ಹಸ್ತಪ್ರತಿ ಉಳಿದಿದೆ. 1861ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ ಅದು ಫ್ರೆಂಚ್ ವಿದ್ವಾಂಸನೊಬ್ಬನ ಕಣ್ಣಿಗೆ ಬಿತ್ತು, ಕೈಗೆ ಸಿಗಲಿಲ್ಲ; ಮತ್ತೆ ಅದರ ಜಾಡು ಹಿಡಿಯಲು ಇಪ್ಪತ್ತು ವರ್ಷ ಬೇಕಾಯಿತು. ಈಗ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. ಮಗ ಹಣ ಕೊಟ್ಟು ಬರೆಸಿದ್ದಾದ್ದರಿಂದ ಹೊಗಳಿಕೆಗೆ ಕೊರತೆಯಿಲ್ಲ. ಆದರೂ ಮುಜುಗರದ ಪ್ರಸಂಗಗಳನ್ನು ಕವಿ ಬಿಟ್ಟಿಲ್ಲ, ಅದೇ ಓದುಗನಿಗೆ ಲಾಭ.

ವಿಲಿಯಂ ಕಿರಿಯ ಮಗ. ಯುದ್ಧಸೇವೆಗೆ ಪ್ರತಿಯಾಗಿ ರಾಜನಿಂದ ಪಡೆದ ಭೂಮಿ ಇಡಿಯಾಗಿ ಹಿರಿಯ ಮಗನಿಗೆ ಹೋಗಬೇಕು ಎಂಬುದು ಆ ಕಾಲದ ಇಂಗ್ಲೆಂಡಿನ ನಿಯಮ. ಉಳಿದ ಗಂಡುಮಕ್ಕಳು ಪಾದ್ರಿಯಾಗಬೇಕು, ಇಲ್ಲವೇ ಕುದುರೆ ಏರಿ ಹೊಟ್ಟೆಪಾಡು ಹುಡುಕಬೇಕು. ವಿಲಿಯಂನನ್ನು ನಾರ್ಮಂಡಿಯ ಟ್ಯಾಂಕರ್‌ವಿಲ್ ಎಂಬಲ್ಲಿ ತಾಯಿಯ ಬಂಧುವಿನ ಮನೆಗೆ ಕಳುಹಿಸಿದರು. ಅಲ್ಲಿ ತಿನ್ನುವುದು, ಮಲಗುವುದು ಬಿಟ್ಟರೆ ಇವನಿಗೆ ಬೇರೆ ಕೆಲಸವಿಲ್ಲ ಎಂದು ಜನ ಗೇಲಿ ಮಾಡುತ್ತಿದ್ದರಂತೆ. ಇಪ್ಪತ್ತರ ಆಸುಪಾಸಿನಲ್ಲಿ ನೈಟ್ ಆದ. ಮೊದಲ ಕಾಳಗದಲ್ಲಿ ಮೈಮರೆತು ಹೋರಾಡಿದ, ಕುದುರೆ ಸತ್ತಿತು, ಸೆರೆಹಿಡಿದು ಹಣ ಕೀಳುವುದು ನೆನಪಾಗಲೇ ಇಲ್ಲ. ರಾತ್ರಿ ಊಟದಲ್ಲಿ ಹಿರಿಯ ಯೋಧನೊಬ್ಬ 'ನನಗೊಂದು ಹಳೆಯ ಕುದುರೆ ಸಾಮಾನಾದರೂ ಉಡುಗೊರೆ ಕೊಡು' ಎಂದು ಕೇಳಿದ. ಗೆದ್ದವನ ಬಳಿ ಕೊಡಲು ಏನೂ ಇರಲಿಲ್ಲ, ಎಲ್ಲರೂ ನಕ್ಕರು. ಮೈಮೇಲಿನ ಮೇಲಂಗಿಯನ್ನು ಮಾರಿ ಅವನು ಒಂದು ಸಾಧಾರಣ ಕುದುರೆ ಕೊಳ್ಳಬೇಕಾಯಿತು.

ಆ ಪಾಠವನ್ನು ಅವನು ಮತ್ತೆ ಮರೆಯಲಿಲ್ಲ. ಆಗಿನ ಟೂರ್ನಮೆಂಟ್ ಎಂದರೆ ಸಿನಿಮಾದಲ್ಲಿ ತೋರಿಸುವಂತೆ ಇಬ್ಬರು ಎದುರುಬದುರು ಭರ್ಜಿ ಹಿಡಿದು ಓಡುವುದಲ್ಲ. ಎರಡು ದೊಡ್ಡ ಗುಂಪುಗಳು ಹಳ್ಳಿ, ಹೊಲ, ಬೇಲಿ ದಾಟಿಕೊಂಡು ದಿನವಿಡೀ ಹೊಡೆದಾಡುತ್ತಿದ್ದವು. ಸೋತವನು ಕುದುರೆ, ಕವಚ ಕಳೆದುಕೊಂಡು, ಬಿಡುಗಡೆಗೆ ಹಣವನ್ನೂ ತೆರಬೇಕಿತ್ತು. ವಿಲಿಯಂ ರೋಜರ್ ಎಂಬ ಇನ್ನೊಬ್ಬ ನೈಟ್ ಜೊತೆ ಪಾಲುದಾರಿಕೆ ಮಾಡಿಕೊಂಡ. ಹತ್ತು ತಿಂಗಳಲ್ಲಿ ಇಬ್ಬರೂ 103 ನೈಟ್‌ಗಳನ್ನು ಹಿಡಿದರೆಂದು ಗುಮಾಸ್ತರು ಲೆಕ್ಕ ಬರೆದಿಟ್ಟರು. ಶುದ್ಧ ವ್ಯವಹಾರ! ಪ್ಲರ್ ಎಂಬ ಊರಿನ ಪಂದ್ಯದಲ್ಲಿ ಶ್ರೇಷ್ಠ ಯೋಧನಿಗೆ ದೊಡ್ಡದೊಂದು ಮೀನು ಬಹುಮಾನ. ಅದನ್ನು ಕೊಡಲು ಹುಡುಕಿಕೊಂಡು ಹೋದವರಿಗೆ ವಿಲಿಯಂ ಸಿಕ್ಕಿದ್ದು ಕಮ್ಮಾರನ ಕುಲುಮೆಯಲ್ಲಿ. ಏಟು ತಿಂದು ನಜ್ಜುಗುಜ್ಜಾದ ಶಿರಸ್ತ್ರಾಣ ತಲೆಗೆ ಕಚ್ಚಿಕೊಂಡಿತ್ತು. ಅವನು ಅಡಿಗಲ್ಲಿನ ಮೇಲೆ ತಲೆಯಿಟ್ಟಿದ್ದ, ಕಮ್ಮಾರ ಸುತ್ತಿಗೆ, ಇಕ್ಕಳ ಹಿಡಿದು ಅದನ್ನು ಬಿಡಿಸುತ್ತಿದ್ದ.

ಈ ಪಂದ್ಯಗಳ ಹೊತ್ತಿಗಾಗಲೇ ಅವನು ರಾಜ ಎರಡನೇ ಹೆನ್ರಿಯ ಹಿರಿಯ ಮಗನಿಗೆ ಶಸ್ತ್ರಗುರುವಾಗಿದ್ದ; 1170ರಲ್ಲೇ ಆ ಕೆಲಸ ಸಿಕ್ಕಿತ್ತು. ಆ ರಾಜಕುಮಾರ 1183ರಲ್ಲಿ ಸತ್ತ ಮೇಲೆ ಅವನ ಹರಕೆ ತೀರಿಸಲು ಜೆರುಸಲೇಮಿಗೂ ಹೋಗಿ ಬಂದ. ಇಷ್ಟೆಲ್ಲ ಆದರೂ ನಲವತ್ತು ದಾಟಿದ ವಿಲಿಯಂ ದೊಡ್ಡ ಜಮೀನುದಾರನೇನೂ ಆಗಿರಲಿಲ್ಲ. ಅವನ ನಸೀಬು ತಿರುಗಿದ್ದು 1189ರಲ್ಲಿ. ತಂದೆಯ ವಿರುದ್ಧ ದಂಗೆಯೆದ್ದಿದ್ದ ರಿಚರ್ಡ್, ಹಿಮ್ಮೆಟ್ಟುತ್ತಿದ್ದ ಹೆನ್ರಿಯನ್ನು ಬೆನ್ನಟ್ಟಿ ಬಂದಾಗ ವಿಲಿಯಂ ಅಡ್ಡ ನಿಂತು ಅವನ ಕುದುರೆಯನ್ನು ತಿವಿದು ಕೊಂದ. ಕೆಲವೇ ವಾರದಲ್ಲಿ ಹೆನ್ರಿ ಸತ್ತು ರಿಚರ್ಡ್ ರಾಜನಾದ. ತಲೆ ಹೋಗಬಹುದಿತ್ತು. ಆದರೆ ರಿಚರ್ಡ್ ಅವನನ್ನು ಕ್ಷಮಿಸಿದ್ದಲ್ಲದೆ, ತಂದೆ ಮಾತು ಕೊಟ್ಟಿದ್ದ ಕನ್ಯೆಯನ್ನೂ ಕೊಡಿಸಿದ.

ಕನ್ಯೆಯ ಹೆಸರು ಇಸಬೆಲ್ ಡಿ ಕ್ಲೇರ್, ವಯಸ್ಸು ಹದಿನೇಳರ ಆಸುಪಾಸು. ತಂದೆ 'ಸ್ಟ್ರಾಂಗ್‌ಬೋ' ಎಂದು ಹೆಸರಾದ ರಿಚರ್ಡ್ ಡಿ ಕ್ಲೇರ್. ತಾಯಿ ಇಫಾ, ಐರ್ಲೆಂಡಿನ ಲೆನ್‌ಸ್ಟರ್ ರಾಜನ ಮಗಳು. ತಂದೆಯೂ ಇಲ್ಲ, ತಮ್ಮನೂ ಇಲ್ಲ. ವೇಲ್ಸ್ ಗಡಿಯ ಚೆಪ್‌ಸ್ಟೋ ಕೋಟೆ, ಪೆಂಬ್ರೋಕ್ ಮೇಲಿನ ಹಕ್ಕು, ಇಡೀ ಲೆನ್‌ಸ್ಟರ್ ಪ್ರಾಂತ್ಯ, ನಾರ್ಮಂಡಿಯ ಲಾಂಗ್‌ವಿಲ್ ಜಹಗೀರಿನ ಅರ್ಧ ಭಾಗದ ಹಕ್ಕು, ಎಲ್ಲಕ್ಕೂ ಅವಳೊಬ್ಬಳೇ ವಾರಸುದಾರಳು. ಇಂಥ ಅನಾಥ ವಾರಸುದಾರರು ರಾಜನ ಸುಪರ್ದಿಯಲ್ಲಿರುತ್ತಿದ್ದರು, ಯಾರಿಗೆ ಮದುವೆ ಮಾಡಿಕೊಡಬೇಕೆಂಬುದೂ ರಾಜನ ಮರ್ಜಿ. ಅವಳು ಇದ್ದದ್ದು ಲಂಡನ್ ಟವರ್‌ನಲ್ಲಿ. ವಿಲಿಯಂ ಅಲ್ಲಿಗೆ ಧಾವಿಸಿ ಹೋಗಿ ಮದುವೆ ಮುಗಿಸಿದ. ಚೆಪ್‌ಸ್ಟೋ ಕೋಟೆಗೆ ಅವನು ಆ ಬಳಿಕ ಹಾಕಿಸಿದ ಭಾರಿ ಮರದ ಬಾಗಿಲುಗಳು ಇಂದಿಗೂ ಕೋಟೆಯೊಳಗೆ ಇವೆ. ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ಅವು 1190ರ ದಶಕದ ಈಚಿನವಲ್ಲ ಎಂದು ತಜ್ಞರು ಹೇಳಿದ್ದಾರೆ. ಯುರೋಪಿನ ಅತಿ ಹಳೆಯ ಕೋಟೆ ಬಾಗಿಲುಗಳೆಂದು ಅವುಗಳಿಗೆ ಹೆಸರು. 1199ರಲ್ಲಿ ರಾಜ ಜಾನ್ ಅವನಿಗೆ ಪೆಂಬ್ರೋಕಿನ ಅರ್ಲ್ ಎಂಬ ದೊಡ್ಡ ಸಾಮಂತ ಪಟ್ಟ ಕೊಟ್ಟ. ಅದಕ್ಕೂ ಆಧಾರ ಹೆಂಡತಿಯ ಹಕ್ಕೇ.

ಈ ಋಣ ವಿಲಿಯಂಗೆ ಚೆನ್ನಾಗಿ ಗೊತ್ತಿತ್ತು. 1207ರಲ್ಲಿ ರಾಜ ಜಾನ್ ಅನುಮಾನಪಟ್ಟು ಅವನನ್ನು ಐರ್ಲೆಂಡಿನಿಂದ ವಾಪಸ್ ಕರೆಸಿಕೊಂಡ. ಹೊರಡುವ ಮುನ್ನ ವಿಲಿಯಂ ಬಸುರಿ ಹೆಂಡತಿಯ ಕೈಹಿಡಿದು ಲೆನ್‌ಸ್ಟರಿನ ಸಾಮಂತರ ಸಭೆಗೆ ಬಂದ. ಇವಳು ಹುಟ್ಟಿನಿಂದ ನಿಮ್ಮ ಒಡತಿ, ನಿಮಗೆ ಭೂಮಿ ಕೊಟ್ಟ ಅರ್ಲ್‌ನ ಮಗಳು, ಇಲ್ಲಿ ನನ್ನದೆಂಬುದೆಲ್ಲ ಇವಳಿಂದಲೇ ಬಂದದ್ದು, ಇವಳನ್ನು ಕಾಪಾಡಿ ಎಂಬರ್ಥದ ಮಾತಾಡಿದ. ಅವನು ಅತ್ತ ಹೋದದ್ದೇ ತಡ ವೈರಿಗಳು ಮೇಲೆ ಬಿದ್ದರು. ಕಿಲ್ಕೆನಿಯ ಮುತ್ತಿಗೆಯಲ್ಲಿ ಸಿಲುಕಿದ ಇಸಬೆಲ್ ಒಬ್ಬ ಆಳನ್ನು ಗೋಡೆಯಿಂದ ಕೆಳಗಿಳಿಸಿ ಸುದ್ದಿ ಮುಟ್ಟಿಸಿ ನೆರವು ತರಿಸಿಕೊಂಡಳು. ಕಾವ್ಯ ಅವಳ ಬಗ್ಗೆ ಹೇಳುವುದು ಕಡಿಮೆ. ಹೇಳಿದಷ್ಟನ್ನು ನೋಡಿದರೆ ಇನ್ನಷ್ಟು ಹೇಳಬೇಕಿತ್ತು ಎನ್ನಿಸುತ್ತದೆ.

ಮುಂದಿನದು ದೊಡ್ಡ ಇತಿಹಾಸ, ಎಲ್ಲ ಪುಸ್ತಕಗಳಲ್ಲೂ ಇದೆ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನ ಕಾರ್ಟ ಸನ್ನದಿನ ಪೀಠಿಕೆಯಲ್ಲಿ ಧರ್ಮಾಧಿಕಾರಿಗಳನ್ನು ಬಿಟ್ಟರೆ ಮೊದಲ ಹೆಸರು ವಿಲಿಯಂನದು. ಅತ್ತ ಹಿರಿಯ ಮಗ ರಾಜನ ಎದುರು ಪಾಳಯದಲ್ಲಿದ್ದ. ಮರುವರ್ಷ ಜಾನ್ ಸತ್ತಾಗ ಒಂಬತ್ತು ವರ್ಷದ ಹೆನ್ರಿಗೆ ಪಟ್ಟ ಕಟ್ಟಿ ರಾಜ್ಯದ ಹೊಣೆ ಹೊತ್ತ. 1217ರ ಮೇ 20ರಂದು ಲಿಂಕನ್ ಕದನದಲ್ಲಿ, ಎಪ್ಪತ್ತರ ಮುದುಕ, ಶಿರಸ್ತ್ರಾಣ ಹಾಕಿಕೊಳ್ಳುವುದನ್ನೇ ಮರೆತು ನುಗ್ಗಲು ಹೊರಟಿದ್ದ, ಹುಡುಗನೊಬ್ಬ ನೆನಪಿಸಬೇಕಾಯಿತು.

ನನಗೆ ಕದನಕ್ಕಿಂತ ಅವನ ಮರಣಶಯ್ಯೆಯ ವರ್ಣನೆ ಹೆಚ್ಚು ಮುಖ್ಯವೆನ್ನಿಸುತ್ತದೆ. ಕಾಯಿಲೆ ಬಿದ್ದವನನ್ನು ಲಂಡನ್ನಿನಿಂದ ಥೇಮ್ಸ್ ನದಿಯಲ್ಲಿ ದೋಣಿಯ ಮೇಲೆ ಕ್ಯಾವರ್‌ಶ್ಯಾಮ್‌ಗೆ ಕರೆತಂದರು. ಹಿಂದಿನ ದೋಣಿಯಲ್ಲಿ ಇಸಬೆಲ್. ಅಲ್ಲಿ ಅವನು ಆಸ್ತಿಯ ವಿಲೇವಾರಿಗೆ ಕೂತ. ಹಿರಿಯ ವಿಲಿಯಂಗೆ ಮುಖ್ಯ ಪಾಲು. 1204ರಲ್ಲಿ ನಾರ್ಮಂಡಿ ಫ್ರಾನ್ಸಿನ ಕೈಸೇರಿದ್ದರಿಂದ ಒಬ್ಬನೇ ಇಬ್ಬರು ರಾಜರ ಸೇವೆ ಮಾಡುವುದು ಕಷ್ಟ. ಹಾಗಾಗಿ ಅಲ್ಲಿನ ಭೂಮಿ ಎರಡನೆಯವನಾದ ರಿಚರ್ಡ್‌ಗೆ. ಗಿಲ್ಬರ್ಟ್ ಪಾದ್ರಿಯಾಗಲು ಹೊರಟವನು. ಕೊನೆಯವನು ಆನ್ಸೆಲ್ಮ್. ಅವನಿಗೆ ಏನೂ ಬೇಡ, ನನ್ನಂತೆ ತಾನೇ ದುಡಿದು ಮೇಲೆ ಬರಲಿ ಎಂದ ಮುದುಕ. ಹಳೆಯ ಒಡನಾಡಿ ಜಾನ್ ಆಫ್ ಅರ್ಲಿ ಗೋಗರೆದ ಮೇಲೆ ಲೆನ್‌ಸ್ಟರಿನಲ್ಲಿ ವರ್ಷಕ್ಕೆ 140 ಪೌಂಡ್ ಹುಟ್ಟುವ ಭೂಮಿ ಬರೆಸಿದ. ಮದುವೆಯಾಗದೆ ಉಳಿದಿದ್ದ ಮಗಳು ಜೋನ್‌ಳ ಚಿಂತೆ ಅವನನ್ನು ಕಾಡುತ್ತಿತ್ತು. ಅವಳಿಗೆ 30 ಪೌಂಡಿನ ಭೂಮಿ, 200 ಮಾರ್ಕ್ ನಗದು.

ಟೂರ್ನಮೆಂಟಿನಲ್ಲಿ ಕಿತ್ತುಕೊಂಡದ್ದನ್ನು ವಾಪಸು ಮಾಡದೆ ಸ್ವರ್ಗವಿಲ್ಲ ಎಂದು ಚರ್ಚಿನವರು ಹೇಳುತ್ತಾರಲ್ಲ ಎಂದು ಒಬ್ಬರು ತೆಗೆದರು. ಐನೂರು ನೈಟ್‌ಗಳನ್ನು ಹಿಡಿದವನು ನಾನು, ಅವರ ಕುದುರೆ, ಕವಚ ಎಲ್ಲಿಂದ ತಂದು ಕೊಡಲಿ, ಪಾದ್ರಿಗಳು ನಮ್ಮನ್ನು ಬಹಳ ನುಣ್ಣಗೆ ಬೋಳಿಸುತ್ತಾರೆ ಎಂದು ಅವನು ಗದರಿದ. ಒಂದು ದಿನ ಹಾಡಬೇಕೆನ್ನಿಸಿತು, ನಾಚಿಕೆಯಾಯಿತು; ಹೆಣ್ಣುಮಕ್ಕಳನ್ನು ಕರೆಸಿ ಹಾಡಿಸಿದ. ನಾಚುತ್ತಾ ಹಾಡಿದ ಜೋನ್‌ಗೆ ಹಾಡುವ ಬಗೆಯನ್ನು ತಾನೇ ಹೇಳಿಕೊಟ್ಟ. ಕೊನೆಗೆ ಟೆಂಪ್ಲರ್ ಸನ್ಯಾಸಿ ಯೋಧರ ಪಂಥಕ್ಕೆ ಸೇರುವ ಮುನ್ನ ಹೆಂಡತಿಯನ್ನು ಕರೆದು ಮುತ್ತು ಕೇಳಿದ, ಸನ್ಯಾಸ ತೊಟ್ಟ ಮೇಲೆ ಅದಕ್ಕೆ ಅವಕಾಶವಿರಲಿಲ್ಲ. ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ಅವನನ್ನು ಹೂಳಿದರು. ಮರುವರ್ಷ ಇಸಬೆಲ್ ಕೂಡ ಹೋದಳು.

ಮಕ್ಕಳ ಕಥೆ ಬೇಗ ಮುಗಿಯುತ್ತದೆ. ಹಿರಿಯ ವಿಲಿಯಂ ರಾಜನ ತಂಗಿ ಎಲೆನಾರ್‌ಳನ್ನು ಮದುವೆಯಾಗಿ 1231ರಲ್ಲಿ ಹಠಾತ್ತನೆ ಸತ್ತ. ರಿಚರ್ಡ್ ರಾಜನ ವಿರುದ್ಧ ಬಂಡೆದ್ದು 1234ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಕರ್ರಾ ಬಯಲಿನಲ್ಲಿ ಗಾಯಗೊಂಡು ತೀರಿಕೊಂಡ. ಪಾದ್ರಿಯ ದಾರಿ ಬಿಟ್ಟು ಅರ್ಲ್ ಆದ ಗಿಲ್ಬರ್ಟ್ 1241ರಲ್ಲಿ ಟೂರ್ನಮೆಂಟೊಂದರಲ್ಲಿ ಲಗಾಮು ಹರಿದು ಕುದುರೆಯಿಂದ ಬಿದ್ದ; ತಂದೆಗೆ ಅನ್ನ ಕೊಟ್ಟ ಆಟವೇ ಮಗನನ್ನು ಕೊಂದಿತು. ನಾಲ್ಕನೆಯ ಮಗ ವಾಲ್ಟರ್ 1245ರ ನವೆಂಬರ್‌ನಲ್ಲಿ, ಆನ್ಸೆಲ್ಮ್ ಡಿಸೆಂಬರ್‌ನಲ್ಲಿ ಕಾಯಿಲೆಯಿಂದ ಹೋದರು.

ಶಾಪದ ಕಥೆ ಹೀಗಿದೆ. ಐರ್ಲೆಂಡಿನ ಫರ್ನ್ಸ್ ಬಿಷಪ್‌ನ ಎರಡು ಹಳ್ಳಿಗಳನ್ನು ವಿಲಿಯಂ ಹಿಂದೆ ಕಿತ್ತುಕೊಂಡಿದ್ದ. ಅವನು ಸತ್ತ ಮೇಲೆ ಬಿಷಪ್ ಸಮಾಧಿಯ ಬಳಿ ನಿಂತು, ಹಳ್ಳಿ ಮರಳಿಸಿದರೆ ಪಾಪ ಪರಿಹಾರ ಎಂದ. ಮಕ್ಕಳು ಒಪ್ಪಲಿಲ್ಲ. ಒಂದೇ ತಲೆಮಾರಿನಲ್ಲಿ ನಿರ್ವಂಶವಾಗಲಿ ಎಂದು ಬಿಷಪ್ ಶಪಿಸಿದ. ಇದನ್ನು ದಾಖಲಿಸಿದ ಸಂನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಬರೆದದ್ದು ಎಲ್ಲ ಮುಗಿದ ಮೇಲೆ ಎಂಬುದನ್ನು ಮರೆಯಬಾರದು. ಫಲಿತಾಂಶ ಗೊತ್ತಿದ್ದವರಿಗೆ ಶಾಪ ನೆನಪಾಗುವುದು ಸುಲಭ.

ಇನ್ನು ಪಾಲುಪಟ್ಟಿ. ಗಂಡುಮಗನಿದ್ದರೆ ಎಲ್ಲವೂ ಒಬ್ಬನಿಗೇ ಎನ್ನುತ್ತಿದ್ದ ಕಾನೂನು, ಗಂಡಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು ಎನ್ನುತ್ತಿತ್ತು. ಹಿರಿಯಳಿಗೆ ಹೆಚ್ಚಿಲ್ಲ, ಕಿರಿಯಳಿಗೆ ಕಡಿಮೆಯಿಲ್ಲ. ತೀರಿಹೋದವಳ ಪಾಲು ಅವಳ ಮಕ್ಕಳಿಗೆ. ಹಾಗಾಗಿ 1246–47ರಲ್ಲಿ ಲೆನ್‌ಸ್ಟರ್ ಐದು ತುಂಡಾಯಿತು: ಮಾಡ್‌ಗೆ ಕಾರ್ಲೋ, ತಾಯಿಯ ಹೆಸರನ್ನೇ ಹೊತ್ತ ಮಗಳು ಇಸಬೆಲ್‌ಳ ಮಗನಿಗೆ ಕಿಲ್ಕೆನಿ, ಸಿಬಿಲ್‌ಳ ಮಕ್ಕಳಿಗೆ ಕಿಲ್ಡೇರ್, ಜೋನ್‌ಳ ಕಡೆಗೆ ವೆಕ್ಸ್‌ಫರ್ಡ್, ಈವಾಳ ಕಡೆಗೆ ಡನಮೇಸ್. ಸಿಬಿಲ್‌ಗೆ ಇದ್ದದ್ದು ಏಳು ಹೆಣ್ಣುಮಕ್ಕಳು. ಐದನೇ ಒಂದು ಪಾಲು ಮತ್ತೆ ಏಳಾಗಿ ಒಡೆದು, ತಲಾ ಮೂವತ್ತೈದನೇ ಒಂದು ಭಾಗಕ್ಕೆ ಇಳಿಯಿತು. ಚೆಪ್‌ಸ್ಟೋ ಮಾಡ್‌ಳ ಮೂಲಕ ಬೈಗಾಡ್ ಮನೆಗೆ, ಪೆಂಬ್ರೋಕ್ ಜೋನ್‌ಳ ಮಗಳ ಮೂಲಕ ರಾಜನ ಮಲತಮ್ಮ ವೇಲೆನ್ಸ್ ಕೈಗೆ ಹೋದವು. ಮಾರ್ಷಲ್ ಹುದ್ದೆಯನ್ನು ಮಾತ್ರ ತುಂಡು ಮಾಡುವಂತಿರಲಿಲ್ಲ. ಅದರ ದಂಡವನ್ನು ರಾಜ ಹಿರಿಯಳಾದ ಮಾಡ್‌ಳ ಕೈಗೇ ಕೊಟ್ಟ, ಅವಳು ಮಗನಿಗೆ ದಾಟಿಸಿದಳು. ಆ ಹುದ್ದೆ ಹಲವು ಕೈ ಬದಲಾಯಿಸಿ ಈಗ ನಾರ್ಫೋಕ್ ಡ್ಯೂಕ್‌ಗಳ ಬಳಿ ಇದೆ. 2023ರ ಮೇ 6ರಂದು ನಡೆದ ರಾಜ ಮೂರನೇ ಚಾರ್ಲ್ಸ್‌ನ ಪಟ್ಟಾಭಿಷೇಕದ ಉಸ್ತುವಾರಿ ಅದರದೇ. ಹೆಸರು ಅಳಿದರೂ ರಕ್ತ ಹರಿಯುತ್ತಲೇ ಇತ್ತು: ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್, ಮಗಳು ಇಸಬೆಲ್‌ಳ ಸಂತತಿಯವನು.

ಆದರೆ ಹೆಚ್ಚು ದಿನ ಕಾಡಿದ್ದು ಪಾಲುಪಟ್ಟಿಯಲ್ಲ, ಸೊಸೆ ಎಲೆನಾರ್‌ಳ ಪಾಲು. ವಿಧವೆಗೆ ಗಂಡನ ಭೂಮಿಯ ಮೂರನೇ ಒಂದು ಭಾಗ ಜೀವನಪರ್ಯಂತ ಸಲ್ಲಬೇಕು. ಹದಿನಾರಕ್ಕೇ ವಿಧವೆಯಾದ ಅವಳಿಗೆ ಐರ್ಲೆಂಡ್, ವೇಲ್ಸ್ ಭೂಮಿಯ ಬದಲು ವರ್ಷಕ್ಕೆ 400 ಪೌಂಡ್ ಎಂದು ಒಪ್ಪಿಸಿದರು. ನ್ಯಾಯವಾಗಿ ಬರಬೇಕಾದದ್ದಕ್ಕಿಂತ ಇದು ತೀರ ಕಡಿಮೆ ಎಂಬುದು ಅವಳ ದೂರು. 1238ರಲ್ಲಿ ಅವಳು ಸೈಮನ್ ಡಿ ಮಾಂಟ್‌ಫರ್ಟ್‌ನನ್ನು ಮದುವೆಯಾದಳು, ದೂರು ಅವನದೂ ಆಯಿತು. ಆಸ್ತಿ ಚೂರಾದ ಮೇಲಂತೂ ವಸೂಲಿಗೆ ಎಷ್ಟೋ ಮನೆಗಳ ಬಾಗಿಲು ತಟ್ಟಬೇಕಾಯಿತು. ಮುಂದೆ ಮೂರನೇ ಹೆನ್ರಿಯ ವಿರುದ್ಧ ಬಂಡಾಯದ ಮುಂದಾಳಾದ ಸೈಮನ್‌ಗೆ ರಾಜನ ಮೇಲಿದ್ದ ಸಿಟ್ಟಿನಲ್ಲಿ ಈ ಬಾಕಿಯೂ ಒಂದು. 1259ರಲ್ಲಿ ಇಂಗ್ಲೆಂಡ್, ಫ್ರಾನ್ಸ್ ನಡುವೆ ಪ್ಯಾರಿಸ್ ಒಪ್ಪಂದ ಆಗಬೇಕಾದರೆ ರಾಜನ ತಂಗಿಯಾಗಿ ಎಲೆನಾರ್ ನಾರ್ಮಂಡಿಯ ಮೇಲಿನ ಹಕ್ಕು ಬಿಡಬೇಕಿತ್ತು. ನನ್ನ ಪಾಲು ಕೊಡುವ ತನಕ ಬಿಡುವುದಿಲ್ಲ ಎಂದು ಅವಳು ಹಟ ಹಿಡಿದಳು. ಡಿಸೆಂಬರ್‌ನಲ್ಲಿ ಕೊನೆಗೂ ಒಪ್ಪಿದಾಗ, ಹೆನ್ರಿಗೆ ಸಲ್ಲಬೇಕಿದ್ದ ಹಣದಲ್ಲಿ ಒಂದು ಭಾಗವನ್ನು ಫ್ರಾನ್ಸಿನ ರಾಜ ಲೂಯಿ ತಡೆಹಿಡಿದ, ಮಾರ್ಷಲ್ ಸೊಸೆಯ ಲೆಕ್ಕ ಇತ್ಯರ್ಥವಾಗಲಿ ಎಂದು. ಮಾವ ಸತ್ತು ಆಗಲೇ ನಲವತ್ತು ವರ್ಷ ಕಳೆದಿತ್ತು.